ಅವ್ವನ ಬಾಯಿಗೆ ಧ್ವನಿ ಕೂಡಿಸುವುದು

೧

ಈ ಕಥೆಯನ್ನು ಎಲ್ಲಿಂದ ಶುರುಮಾಡಲಿ, ಡಬ್ಬಿಯ ಮುಂದಿನಿಂದಲೋ ಹಿಂದಿನಿಂದಲೋ? ಮುಂದೆ ಒಂದು ದೊಡ್ಡ ತಿರುಗುವ ಗುಂಡಿ, ಪಕ್ಕದಲ್ಲಿ ನೀಲಿ ಅಕ್ಷರ, ನೋಡಲು ಚೆಂದ. ಹಿಂದೆ ಬರೀ ತೂತುಗಳು. ಕೆಂಪು, ಬಿಳಿ, ಹಳದಿ, ಚಪ್ಪಟೆ, ದುಂಡಗಿನವು. ಇನ್ನು ಕೆಲವು ಯಾಕಿವೆ ಎಂಬುದು ಮಾಡಿದವನಿಗೂ ಗೊತ್ತಿರಲಿಕ್ಕಿಲ್ಲ.

ಮೊದಲ ಸಲ ಹೀಗೆ ಶುರುಮಾಡಿದ್ದೆ: ‘ರಾಣೆಬೆನ್ನೂರಿನ ಬೀಜದ ವ್ಯಾಪಾರಿ ಮಾಲತೇಶನ ಮನೆಗೆ ಹೋಮ್ ಥಿಯೇಟರ್ ಬಂದ ದಿನ ಓಣಿಯಲ್ಲಿ ಯಾರಿಗೂ ನಿದ್ದೆ ಇರಲಿಲ್ಲ.’ ಸುಳ್ಳು. ಓಣಿಯವರು ಗೊರಕೆ ಹೊಡೆದು ಮಲಗಿದ್ದರು. ಆ ವಾಕ್ಯ ಹೊಡೆದುಹಾಕಿದೆ.

ಎರಡನೇ ಸಲ: ‘ಕತ್ತಲೆಯಲ್ಲಿ ಒಂದು ಧ್ವನಿ.’ ಇದು ಯಾವುದೋ ಪ್ರಶಸ್ತಿಗೆ ಕಣ್ಣಿಟ್ಟ ವಾಕ್ಯ. ಅದೂ ಅಲ್ಲದೆ ಇದೆಲ್ಲ ನಡೆದದ್ದು ಭಾನುವಾರ ಹಾಡಹಗಲು, ಊಟ ಆದ ಮೇಲೆ. ಅದನ್ನೂ ಹೊಡೆದುಹಾಕಿದೆ. ಇನ್ನು ಇದ್ದದ್ದು ಇದ್ದ ಹಾಗೆ ಹೇಳಿಬಿಡುತ್ತೇನೆ, ಓದುಗರೇ. ತಾಳ್ಮೆ ಇರಲಿ, ನನಗೂ ಪೂರ್ತಿ ತಿಳಿದಿಲ್ಲ.

೨

ಮಾಲತೇಶನ ಅಂಗಡಿಯಲ್ಲಿ ಮೆಕ್ಕೆಜೋಳದ ಬೀಜ ಭರ್ಜರಿ ಹೋಯಿತೆಂದು ಕಂಪನಿಯವರು ಬಹುಮಾನ ಕೊಟ್ಟರು. (ಹೋದ ವರ್ಷ ಮಿಕ್ಸರ್ ಕೊಟ್ಟಿದ್ದರು. ಆ ಕಥೆಯಾದರೆ ಬರೆಯುವುದು ಸುಲಭವಿತ್ತು.) ಈ ಸಲ ಐದು ಸ್ಪೀಕರು, ಗುಮ್ ಎನ್ನುವ ಒಂದು ದೊಡ್ಡ ಡಬ್ಬಿ, ಎಲ್ಲಕ್ಕೂ ಯಜಮಾನನಾಗಿ ಒಂದು ರಿಸೀವರು, ಮೊದಲು ಹೇಳಿದ ತೂತಿನ ಡಬ್ಬಿ. ಡಿವಿಡಿ ಇರಲಿ, ಟೇಪ್ ಇರಲಿ, ಎಲ್ಲ ವೈರುಗಳೂ ಮೊದಲು ಈ ಯಜಮಾನನ ಹೊಟ್ಟೆಗೆ ಹೋಗಬೇಕು. ಅಲ್ಲಿಂದ ಚಿತ್ರ ಟಿವಿಗೆ, ಧ್ವನಿ ಸ್ಪೀಕರಿಗೆ.

ಮಾಲತೇಶನಿಗೆ ಬೇಕಾಗಿದ್ದದ್ದು ಕ್ರಿಕೆಟ್. ಅವನ ಹೆಂಡತಿ ದ್ರಾಕ್ಷಾಯಿಣಿ ಮಾತ್ರ ಟ್ರಂಕು ತೆಗೆದು ಎರಡು ಸಾಮಾನು ತಂದು ಅವನ ಮುಂದಿಟ್ಟಳು. ಒಂದು ಡಿವಿಡಿ, ಒಂದು ಕ್ಯಾಸೆಟ್. ಎರಡೂ ಅವರ ಮದುವೆಯವು, ಇಪ್ಪತ್ತು ವರ್ಷದ ಮೇಲಿನವು.

ಡಿವಿಡಿಯಲ್ಲಿ ಚಿತ್ರವಿದೆ, ಧ್ವನಿಯಿಲ್ಲ. ಇಲ್ಲ ಎಂದರೆ ಹೇಗೆ, ಇದೆ. ಆದರೆ ವಿಡಿಯೋದವನು ಆಗಿನ ಪದ್ಧತಿಯಂತೆ ಮದುವೆಯ ಸದ್ದನ್ನೆಲ್ಲ ಒರೆಸಿ ಉದ್ದಕ್ಕೂ ಸಿನಿಮಾ ಹಾಡು ತುಂಬಿದ್ದ. ಮುಹೂರ್ತದ ಅಕ್ಕಿಕಾಳಿಗೆ ಪ್ರೇಮಗೀತೆ, ಊಟದ ಪಂಕ್ತಿಗೆ ಪ್ರೇಮಗೀತೆ, ಮಗಳನ್ನು ಕಳಿಸುತ್ತ ಅವ್ವ ಸೆರಗು ಬಾಯಿಗೆ ಒತ್ತಿಕೊಂಡರೆ ಹಿಂದೆ ಡಿಸ್ಕೋ. ಕ್ಯಾಸೆಟ್ಟಿನಲ್ಲಿ ಧ್ವನಿಯಿದೆ, ಚಿತ್ರವಿಲ್ಲ. ಅಗಡಿಯಲ್ಲಿ ದ್ರಾಕ್ಷಾಯಿಣಿಯ ತವರಿನ ಪಕ್ಕದ ಮನೆಯವಳು ಬಿಬಿಜಾನ್. ಮದುಮಕ್ಕಳಿಬ್ಬರಿಗೂ ಅರಿಶಿಣ ಹಚ್ಚಿ, ನಾಲ್ಕು ತಂಬಿಗೆಗೆ ನೂಲು ಸುತ್ತಿದ ಸುರಗಿಯಲ್ಲಿ ಕೂರಿಸಿ ನೀರು ಹಾಕುವಾಗ ಎರಡೂ ಕಡೆಯ ಹೆಂಗಸರು ಸುತ್ತ ಕೂತು ಸೋಬಾನ ಪದ ಹಾಡಿದರಲ್ಲ, ಆಗ ಅವಳು ತನ್ನ ಟೇಪ್ ರಿಕಾರ್ಡರನ್ನು ಕಿಟಕಿಯಲ್ಲಿಟ್ಟು ತುಂಬಿಸಿಕೊಂಡು ಆಮೇಲೆ ಮದುಮಗಳಿಗೆ ಕೊಟ್ಟಿದ್ದಳು. ಒಂದು ಧ್ವನಿ ಮುಂದೆ ಹೇಳುತ್ತದೆ, ಸ್ಪಷ್ಟವಾಗಿ, ಸ್ವಲ್ಪ ಒಡಕು. ಉಳಿದವರು ಹಿಂದೆ ಹೇಳುತ್ತಾರೆ, ಮಬ್ಬುಮಬ್ಬಾಗಿ.

ಆ ಮುಂದಿನ ಧ್ವನಿ ದ್ರಾಕ್ಷಾಯಿಣಿಯ ಅವ್ವ ಮಂಗಳವ್ವನದು. ಮಂಗಳವ್ವ ಈಗಿಲ್ಲ. ಈ ಮನೆಯ ಟೇಪ್ ರಿಕಾರ್ಡರಿನ ಸ್ಪೀಕರು ಮೊದಲಿನಿಂದಲೂ ಸತ್ತಿತ್ತು. ಆದ್ದರಿಂದ ದ್ರಾಕ್ಷಾಯಿಣಿ ಅದಕ್ಕೆ ಇಯರ್‌ಫೋನ್ ಸಿಕ್ಕಿಸಿಕೊಂಡು ಅಡುಗೆಮನೆಯಲ್ಲಿ ಒಬ್ಬಳೇ ಕೇಳುವಳು, ಕೇಳಿ ಅಳುವಳು, ಕಣ್ಣೊರೆಸಿಕೊಂಡು ಹಿಟ್ಟು ನಾದುವಳು. ಇವತ್ತು ಅವಳಿಗೆ ಬೇಕಾದದ್ದು ಇಷ್ಟೇ: ಆ ಚಿತ್ರದ ಬಾಯಿಗೆ ಈ ಧ್ವನಿ ಕೂಡಬೇಕು. ಅವ್ವ ಹಾಡುವುದನ್ನು ಒಂದು ಸಲ ನೋಡಬೇಕು.

೨ (ಮತ್ತೆ)

ಒಬ್ಬರನ್ನು ಬಿಟ್ಟೆ. ಮೊದಲ ಕರಡಿನಲ್ಲಿ ಅವರು ಇರಲೇ ಇಲ್ಲ, ಬರೀ ವೈರಿನ ತಮಾಷೆ ಇತ್ತು. ಮಾಲತೇಶನ ತಾಯಿ ಪ್ರೇಮವ್ವ ಪಡಸಾಲೆಯ ಮೂಲೆಯಲ್ಲಿ ಮೊರದ ತುಂಬ ಬ್ಯಾಡಗಿ ಮೆಣಸಿನಕಾಯಿ ಹಾಕಿಕೊಂಡು ತೊಟ್ಟು ಬಿಡಿಸುತ್ತ ಕೂತಿದ್ದರು.

ಅತ್ತೆ ಸೊಸೆ ನೇರ ಮಾತಾಡುವುದು ಕಡಿಮೆ. ಚಹಾ ಬೇಕೇನು ಎಂಬುದೂ ಮಾಲತೇಶನ ಮೂಲಕ ಹೋಗಿ ಮಾಲತೇಶನ ಮೂಲಕ ಬರುತ್ತದೆ. ಅದಕ್ಕೆ ಕಾರಣವಿದೆ. ಮಂಗಳವ್ವನಿಗೆ ಜಡ್ಡು ಜೋರಾಗಿದೆ ಎಂದು ಅಗಡಿಯಿಂದ ಸುದ್ದಿ ಬಂದಾಗ ಸೀಗಿ ಹುಣ್ಣಿಮೆ ಎದುರಿಗಿತ್ತು. ಹೊಲಕ್ಕೆ ಚರಗ, ಅಂದರೆ ಭೂತಾಯಿಗೆ ಎಡೆ, ಚೆಲ್ಲಲು ಹತ್ತು ಬಗೆಯ ಅಡುಗೆಯಾಗಬೇಕು. ಹಬ್ಬ ಮುಗಿಸಿ ಹೋಗು ಎಂದರು ಪ್ರೇಮವ್ವ. ಹಬ್ಬ ಮುಗಿಸಿ ಹೋದಳು. ಹೋಗುವಷ್ಟರಲ್ಲಿ ಮಂಗಳವ್ವನನ್ನು ಮಣ್ಣಿಗೆ ಒಯ್ಯಲು ತಯಾರಿ ನಡೆದಿತ್ತು. ದ್ರಾಕ್ಷಾಯಿಣಿ ಅತ್ತೆಗೆ ಒಂದು ಮಾತೂ ಅನ್ನಲಿಲ್ಲ, ಕ್ಷಮಿಸಲೂ ಇಲ್ಲ.

(ಇದನ್ನು ಬರೆಯಬೇಡಿ ಎಂದು ಮಾಲತೇಶ ಹೇಳಿದ. ಬರೆಯದಿದ್ದರೆ ಮುಂದಿನದು ತಿಳಿಯುವುದಿಲ್ಲ ಎಂದೆ. ಅವನು ಸ್ಕ್ರೂಡ್ರೈವರ್ ಹುಡುಕುತ್ತ ಒಳಗೆ ಹೋದ.)

೩

ಈಗ ಸೆಟ್ಟಿಂಗು. ತಲೆ ಕೆಡುವವರು ಈ ಭಾಗ ಬಿಟ್ಟು ಓದಬಹುದು, ನನ್ನದಂತೂ ಕೆಟ್ಟಿತು.

ರಿಸೀವರಿನಲ್ಲಿ ಡಿವಿಡಿ ಎಂದು ಒತ್ತಿದರೆ ಚಿತ್ರ ಬಂತು, ಜೊತೆಗೆ ಸಿನಿಮಾ ಹಾಡೂ ಬಂತು. ಸಿಡಿ ಎಂದು ಒತ್ತಿದರೆ ಟೇಪಿನ ಸೋಬಾನ ಬಂತು, ಚಿತ್ರ ಹೋಯಿತು. (ಟೇಪಿನ ವೈರನ್ನು ಸಿಡಿ ಎಂದು ಬರೆದ ತೂತಿಗೆ ಯಾಕೆ ಹಾಕಿದ ಎಂದು ಕೇಳಬೇಡಿ. ಟೇಪ್ ಎಂದು ಬರೆದ ತೂತೇ ಅದಕ್ಕಿಲ್ಲ.) ಡಿವಿಡಿಯ ವೈರನ್ನು ನೇರ ಟಿವಿಗೇ ಹಾಕಿ ಟಿವಿಯ ಬಾಯಿ ಮುಚ್ಚಿದ್ದರೆ ಚಿಟಿಕೆ ಹೊಡೆಯುವಷ್ಟರಲ್ಲಿ ಕೆಲಸ ಮುಗಿಯುತ್ತಿತ್ತಲ್ಲ ಎಂದು ಜಾಣ ಓದುಗರು ಯಾರಾದರೂ ಹೇಳಿಯಾರು. ದಯವಿಟ್ಟು ಹೇಳಬೇಡಿ. ಮಾಲತೇಶನಿಗೆ ಹೊಳೆಯಲಿಲ್ಲ, ಹೊಳೆದಿದ್ದರೆ ನನಗೆ ಕಥೆಯೇ ಇರುತ್ತಿರಲಿಲ್ಲ.

ಒತ್ತಿ ಒತ್ತಿ ಕೊನೆಗೆ ಒಂದು ಪಟ್ಟಿ ತೆರೆಯಿತು. ಇನ್‌ಪುಟ್ ಅಸೈನ್ ಅಂತೆ. ಒಂದು ಹೆಸರು, ಅದರ ಮುಂದೆ ಚಿತ್ರ ಎಲ್ಲಿಂದ ಎಂದು ಒಂದು ಮನೆ, ಧ್ವನಿ ಎಲ್ಲಿಂದ ಎಂದು ಇನ್ನೊಂದು ಮನೆ. ಎರಡೂ ಒಂದೇ ಕಡೆಯಿಂದ ಬರಬೇಕೆಂದೇನೂ ಇಲ್ಲ! ಇಷ್ಟು ವರ್ಷ ಕಥೆ ಬರೆಯುತ್ತ ಒಬ್ಬರ ಮುಖಕ್ಕೆ ಇನ್ನೊಬ್ಬರ ಮಾತು ಹಚ್ಚುತ್ತ ಬಂದವನು ನಾನು. ಈ ಡಬ್ಬಿ ನನ್ನ ಕಸುಬನ್ನು ಮೆನುವಿನಲ್ಲೇ ಇಟ್ಟುಕೊಂಡಿತ್ತು.

ಮಾಲತೇಶ ಡಿವಿಡಿಯ ಚಿತ್ರಕ್ಕೆ ಟೇಪಿನ ಧ್ವನಿ ಹಚ್ಚಿದ. ಆದರೂ ಡಿಸ್ಕೋ ಬಂತು. ಮತ್ತೆ ಹಚ್ಚಿದ. ಮತ್ತೆ ಡಿಸ್ಕೋ. ಅವನು ಡಬ್ಬಿಗೆ ಬೈದ, ಕಂಪನಿಗೆ ಬೈದ, ನನ್ನ ಕಡೆಯೂ ಒಂದು ನೋಟ ಬೀರಿದ. ಪರದೆಯ ಕೆಳಗಿನ ಸಣ್ಣ ಅಕ್ಷರ ಓದಿದವಳು ದ್ರಾಕ್ಷಾಯಿಣಿ.

“ಅಲ್ಲೆ ಆಟೋ ಅಂತ ಐತಿ ನೋಡ್ರಿ. ಅದನ್ನ ತಗೀರಿ. ಅದು ತನಗ ಬೇಕಾದ್ದನ್ನ ಆರಸಾಕತ್ತೈತಿ.”

ಆಟೋ ತೆಗೆದು ಅನಲಾಗ್, ಅಂದರೆ ಟೇಪಿನ ವೈರೇ ಬೇಕು, ಎಂದು ಮಾಡಿದ. ಡಿಸ್ಕೋ ನಿಂತಿತು. ಒಂದು ಗಳಿಗೆ ಬರೀ ಸರ್ ಎನ್ನುವ ಸದ್ದು. ಆಮೇಲೆ ಐದೂ ಸ್ಪೀಕರಿನಿಂದ ಸೋಬಾನ ಪದ ಮನೆ ತುಂಬಿತು. ಇಪ್ಪತ್ತು ವರ್ಷ ಒಂದು ಕಿವಿಯೊಳಗೆ ಇದ್ದದ್ದು ಮೊದಲ ಸಲ ಹೊರಗೆ ಬಂದಿತ್ತು. ಮೂಲೆಯಲ್ಲಿ ಪ್ರೇಮವ್ವನ ಕೈ ಮೆಣಸಿನಕಾಯಿಯ ಮೇಲೆ ನಿಂತಿತು.

೪

ಆದರೆ ಬಾಯಿಗೂ ಹಾಡಿಗೂ ಹೊಂದಾಣಿಕೆ ಇರಲಿಲ್ಲ. ಮಾಲತೇಶ ಟೇಪ್ ನಿಲ್ಲಿಸಿ ಬಿಡುವನು, ನಿಲ್ಲಿಸಿ ಬಿಡುವನು. ಅದು ಸಾಲದೆ ರಿಸೀವರಿನಲ್ಲಿ ಧ್ವನಿಯನ್ನು ಕೂದಲೆಳೆಯಷ್ಟು ತಡಮಾಡುವ ಇನ್ನೊಂದು ಸೆಟ್ಟಿಂಗು ಸಿಕ್ಕಿತು. ಅದನ್ನೂ ತಿಕ್ಕಿದ. ಪರದೆಯ ಮೇಲೆ ಅರಿಶಿಣ ಮೆತ್ತಿದ ಎಳೆಯ ದ್ರಾಕ್ಷಾಯಿಣಿ, ಪಕ್ಕದಲ್ಲಿ ಮೀಸೆ ಸರಿಯಾಗಿ ಮೂಡದ ಮಾಲತೇಶ, ಸುತ್ತ ಹೆಂಗಸರು. ಎಡಕ್ಕೆ ಮಂಗಳವ್ವ.

ಒಮ್ಮೆಲೆ ಕೂಡಿತು. ಮಂಗಳವ್ವ ಬಾಯಿ ತೆರೆದಳು, ಧ್ವನಿ ಬಂತು. ಬಾಯಿ ಮುಚ್ಚಿದಳು, ಧ್ವನಿ ನಿಂತಿತು. ದ್ರಾಕ್ಷಾಯಿಣಿ ನೆಲಕ್ಕೆ ಕೂತುಬಿಟ್ಟಳು. ಅವಳಿಗೆ ಸಂತೋಷ ಎದೆಯಲ್ಲಿ ಹಿಡಿಸಲಿಲ್ಲ, ಗೊಳೋ ಎಂದು ಅತ್ತಳು. ಅವ್ವ ಹಾಡುವಾಗ ಹುಬ್ಬು ಏರಿಸುತ್ತಿದ್ದಳು ಎಂಬುದು ಅವಳಿಗೆ ಮರೆತೇ ಹೋಗಿತ್ತು.

ಇಲ್ಲಿ ನಾನು ‘ಮುಗಿಯಿತು’ ಎಂದು ಬರೆದು ಪೆನ್ನಿಗೆ ಟೊಪ್ಪಿಗೆ ಹಾಕಿದ್ದೆ. ಕೆಡಿಸಿದವನು ಮಾಲತೇಶ. ಇನ್ನೂ ಚೂರು ಹಿಂದೈತಿ, ಪಕ್ಕಾ ಮಾಡ್ತೇನಿ ಎಂದು ಟೇಪ್ ನಿಲ್ಲಿಸಿ ಬಿಟ್ಟ. ಒಂದಿಡೀ ಸಾಲು ಜಾರಿತು. ಈಗ ಆ ಸ್ಪಷ್ಟ ಧ್ವನಿ ಬಂದಾಗ ಮಂಗಳವ್ವನ ಬಾಯಿ ಮುಚ್ಚಿತ್ತು. ಬಲಕ್ಕೆ ಇಳಕಲ್ ಸೀರೆ ಉಟ್ಟು ಕೂತ ಇನ್ನೊಬ್ಬ ಹೆಂಗಸು ಬಾಯಿ ತೆರೆದಳು, ಧ್ವನಿ ಅವಳ ತುಟಿಗೆ ಒಂಚೂರೂ ಆಚೀಚೆಯಾಗದೆ ಹೊಂದಿತು. ಒಬ್ಬಳು ಮುಂದೆ ಹೇಳಿದರೆ ಉಳಿದವರು ಹಿಂದೆ ಹೇಳುವ ಪದ ಅದು. ಒಂದು ಸಾಲು ಸರಿಸಿದರೆ ಮುಂದಿನವರು ಹಿಂದೆ, ಹಿಂದಿನವರು ಮುಂದೆ.

ಇಳಕಲ್ ಸೀರೆಯವರು ಪ್ರೇಮವ್ವ.

೪ಕ್ಕೂ ೫ಕ್ಕೂ ನಡುವೆ

“ಮೊದಲಿನಂಗ ಮಾಡ್ರಿ,” ಎಂದಳು ದ್ರಾಕ್ಷಾಯಿಣಿ. ಮಾಡಿದ. ಅವ್ವ ಹಾಡಿದಳು. ಸರಿಸಿದ. ಅತ್ತೆ ಹಾಡಿದರು. ಎರಡೂ ಕೂಡುತ್ತಿದ್ದವು. ಉಳಿದ ಹೆಂಗಸರು ಕ್ಯಾಮೆರಾಕ್ಕೆ ಬೆನ್ನು ಮಾಡಿ ಕೂತಿದ್ದರಿಂದ, ನಡುನಡುವೆ ವಿಡಿಯೋದವನು ಪರದೆ ತುಂಬ ಹೂವು ಹಾರಿಸಿ, ತುಂಡು ಮಾಡಿ ಅಂಟಿಸಿದ್ದರಿಂದ ಯಾವುದು ಖರೆ ಎಂದು ಹಿಡಿಯಲು ಅಲ್ಲಿ ಏನೂ ಉಳಿದಿರಲಿಲ್ಲ.

ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಅಲ್ಲವ್ವಾ, ನಿನ್ನ ಅವ್ವನ ಧ್ವನಿ ನಿನಗೆ ಗುರುತು ಸಿಗುವುದಿಲ್ಲವೇ ಎಂದು ಕೇಳಿಬಿಟ್ಟೆ.

“ಮಾತಾಡಿದ್ದು ನೆನಪೈತ್ರಿ,” ಎಂದಳು. “ಹಾಡಿದ್ದು ನೆನಪಿರೂದು ಈ ಟೇಪಿನಿಂದನ.”

ಮಾಲತೇಶನನ್ನು ಕೇಳಿದರೆ, ತನ್ನವ್ವ ಮನೆಯಲ್ಲಿ ಹಾಡಿದ್ದನ್ನು ಕೇಳಿಲ್ಲ, ಅವತ್ತು ಕಿವಿಯೊಳಗೆ ಅರಿಶಿಣ ತುಂಬಿತ್ತು ಎಂದ. ಸಾಕ್ಷಿ ಹುಡುಕೋಣ ಎಂದು ಬಿಬಿಜಾನಳನ್ನು ಕಥೆಗೆ ಕರೆದೆ. ಅವಳೀಗ ಬ್ಯಾಡಗಿಯಲ್ಲಿ ಮಗಳ ಮನೆಯಲ್ಲಿದ್ದಾಳೆ. ಫೋನಿನಲ್ಲಿ ಮೊದಲು ಮೆಣಸಿನಕಾಯಿ ಘಾಟಿಗೆ ಕೆಮ್ಮಿದಳು, ಆಮೇಲೆ ಎಲ್ಲರ ಆರೋಗ್ಯ ಕೇಳಿದಳು, ಆಮೇಲೆ ತಾನು ಬಟನ್ ಒತ್ತಿ ಹೂವು ತರಲು ಹೋಗಿದ್ದಾಗಿ ಹೇಳಿದಳು. ಬರುವಷ್ಟರಲ್ಲಿ ಹಾಡು ಮುಗಿದಿತ್ತಂತೆ. ಎಲ್ಲರೂ ಚಲೋ ಹಾಡ್ತಿದ್ರವ್ವಾ ಎಂದಳು. ಇಂಥ ಸಾಕ್ಷಿಯನ್ನು ನಾನೇ ಹುಟ್ಟಿಸಿಕೊಂಡಿದ್ದೆ, ಯಾರನ್ನು ಬೈಯಲಿ?

೫

ಮೂರು ಅಂತ್ಯ ಬರೆದಿಟ್ಟಿದ್ದೇನೆ. ನಿಮಗೆ ಬೇಕಾದದ್ದನ್ನು ಅಸೈನ್ ಮಾಡಿಕೊಳ್ಳಿ.

ಅ) ಕರೆಂಟು ಹೋಗುತ್ತದೆ. ಕಥೆಗಾರ ಕಂಗಾಲಾದಾಗಲೆಲ್ಲ ಕರೆಂಟು ಹೋಗುವುದು ನಮ್ಮ ಕಡೆ ಯಾರಿಗೂ ಸಂಶಯ ತರುವುದಿಲ್ಲ.

ಆ) ಟೇಪು ಕ್ಯಾಸೆಟ್ಟಿನ ರೀಲನ್ನು ನುಂಗಿಬಿಡುತ್ತದೆ. (ಮಾಲತೇಶ ಒಪ್ಪಲಿಲ್ಲ. ಹಾಗಾದರೆ ಜೀವನಪೂರ್ತಿ ತಾನೇ ಬೈಗುಳ ಕೇಳಬೇಕು ಎಂದ. ಅವನ ಕಷ್ಟ ಅವನಿಗೆ.)

ಇ) ಪ್ರೇಮವ್ವ ಎದ್ದು ಬಂದು ಅದು ನನ್ನ ಧ್ವನಿ ತಂಗೀ ಎನ್ನುತ್ತಾರೆ, ಅತ್ತೆ ಸೊಸೆ ತಬ್ಬಿಕೊಳ್ಳುತ್ತಾರೆ, ಸೀಗಿ ಹುಣ್ಣಿಮೆಯ ಲೆಕ್ಕ ಚುಕ್ತಾ ಆಗುತ್ತದೆ. ಇದು ನನಗೆ ಬಹಳ ಇಷ್ಟವಾಗಿತ್ತು. ಓದಿ ಹೇಳಿದೆ. ದ್ರಾಕ್ಷಾಯಿಣಿ ಟೇಪು ನಿಲ್ಲಿಸಿ, ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಚಿಟ್ಟಳು.

“ಆಕಿ ಹಾಡಿದ್ದು ಅಂತ ಆದ್ರ ನಮ್ಮವ್ವನ ಧ್ವನಿ ನನಗ ಇಲ್ಲದಂಗ ಆತು. ಇಷ್ಟು ವರ್ಷ ಯಾರ ಮ್ಯಾಲೆ ಸಿಟ್ಟು ಮಾಡೀನೋ ಆಕೀನ್ನ ಕೇಳಿ ಅತ್ತಂಗ ಆತು. ನೀವೇನ್ರಿ, ಬರದು ಹಾವೇರಿ ಬಸ್ ಹತ್ತತೀರಿ. ನಾ ಇದ ಮನ್ಯಾಗ ರೊಟ್ಟಿ ಬಡೀಬೇಕು.”

ನಾನು ಪ್ರೇಮವ್ವನಿಗೆ ಮಾತು ಬರೆಯಲು ನೋಡಿದೆ, ಯಾವುದೂ ಅವರ ಬಾಯಿಗೆ ಕೂಡಲಿಲ್ಲ. ನೀವೇ ಹೇಳಿರಿ ಎಂದು ಅವರನ್ನೇ ಕೇಳೋಣವೆಂದರೆ ದ್ರಾಕ್ಷಾಯಿಣಿ ಕಣ್ಣಲ್ಲೇ ತಡೆದಳು. ಆಗ ಅವರು ಮೊರ ಸರಿಸಿ, ಮಗನ ಕಡೆ ನೋಡದೆ, ನೇರ ಸೊಸೆಗೆ ಹೇಳಿದರು.

“ಯಾಕ ನಿಲ್ಲಿಸಿದಿ? ಹಚ್ಚು.”

೬, ಅಥವಾ ಯಾವ ಸಂಖ್ಯೆಯೂ ಅಲ್ಲ

ದ್ರಾಕ್ಷಾಯಿಣಿ ಹಚ್ಚಿದಳು. ಟಿವಿಯನ್ನು ಬಂದ್ ಮಾಡಿದಳು, ಚಿತ್ರ ಬೇಡವೆನಿಸಿತು. ಬರೀ ಟೇಪು, ಜೋರಾಗಿ, ಕಿಟಕಿಯ ಗಾಜು ನಡುಗುವಷ್ಟು. ಆ ಧ್ವನಿ ಮುಂದೆ ಹೇಳಿತು. ಹಿಂದಿನವರು ಹಿಂದೆ ಹೇಳಿದರು. ಅವಳು ತಿರುಗಿ ನೋಡಿದರೆ ಮೂಲೆಯಲ್ಲಿ ಪ್ರೇಮವ್ವನ ತುಟಿ ಆಡುತ್ತಿತ್ತು. ಕಣ್ಣು ಮುಚ್ಚಿತ್ತು. ಅವರು ಮುಂದಿನ ಸಾಲಿಗೆ ತುಟಿ ಆಡಿಸುತ್ತಿದ್ದಾರೋ ಹಿಂದಿನದಕ್ಕೋ, ಬಾಯಿಂದ ಧ್ವನಿ ಬರುತ್ತಿದೆಯೋ ಇಲ್ಲವೋ, ಐದು ಸ್ಪೀಕರಿನ ಅಬ್ಬರದಲ್ಲಿ ಏನೂ ಕೇಳುತ್ತಿರಲಿಲ್ಲ.

ದ್ರಾಕ್ಷಾಯಿಣಿ ಎದ್ದು ಹೋಗಿ ಆ ದೊಡ್ಡ ಗುಂಡಿಯ ಮೇಲೆ ಕೈಯಿಟ್ಟಳು. ಅರ್ಧ ಸುತ್ತು ಇಳಿಸಿದರೆ ಸಾಕು, ಟೇಪು ತಗ್ಗುತ್ತದೆ, ಮೂಲೆಯ ಧ್ವನಿ ಕೇಳುತ್ತದೆ, ಟೇಪಿನದು ಯಾರದೆಂದು ಗೊತ್ತಾಗಿಬಿಡುತ್ತದೆ. ಅವಳಿಗೆ ಹೆದರಿಕೆಯಾಯಿತು. ತಿಳಿಯಬೇಕೆಂಬ ಆಸೆಯೂ ಅಷ್ಟೇ ಆಯಿತು. ಆ ಸೀಗಿ ಹುಣ್ಣಿಮೆಯ ನಂತರ ಮೊದಲ ಸಲ ಆ ಮುದುಕಿಯ ಮುಖವನ್ನು ಅವಳು ಸಿಟ್ಟಿಲ್ಲದೆ ನೋಡಿದಳು, ಹಾಗೆ ನೋಡಿದ್ದಕ್ಕೆ ತನ್ನ ಮೇಲೇ ಸಿಟ್ಟಾದಳು.

ಇಳಿಸವ್ವಾ ಎಂದೆ ನಾನು. ನನಗೂ ತಡೆಯುವುದಾಗಿರಲಿಲ್ಲ.

ಅವಳು ನನ್ನ ಕಡೆ ನೋಡಿದಳು. “ನೀವು ಹೊರಗ ನಡೀರಿ,” ಎಂದಳು. “ಓದೋರ್ನೂ ಕರಕೊಂಡು ಹೋಗ್ರಿ.”

ಕಥೆ ನನ್ನದು ಎಂದು ಹೇಳಲು ಹೋದೆ. ಮಾಲತೇಶ ಆಗಲೇ ಚಪ್ಪಲಿ ಮೆಟ್ಟಿದ್ದ, ನನ್ನ ರಟ್ಟೆ ಹಿಡಿದು ಕರೆದುಕೊಂಡು ಬಂದ. ಕ್ಷಮಿಸಿ ಓದುಗರೇ, ನೀವೂ ಈಗ ನಮ್ಮ ಜೊತೆ ಓಣಿಯಲ್ಲಿ ಬಿಸಿಲಿಗೆ ನಿಂತಿದ್ದೀರಿ. ನಾವು ಮನೆಗೆ ಬೆನ್ನು ಮಾಡಿ ನಿಂತು ಕಿವಿಯನ್ನು ಮಾತ್ರ ಹಿಂದಕ್ಕೆ ಬಿಟ್ಟಿದ್ದೆವು. ಸ್ವಲ್ಪ ಹೊತ್ತಿಗೆ ಒಳಗಿನ ಹಾಡು ಸಣ್ಣಗಾಯಿತು. ಅವಳು ಗುಂಡಿ ಇಳಿಸಿದಳೋ, ಬಾಗಿಲು ಹಾಕಿಕೊಂಡಳೋ, ನಮಗೆ ತಿಳಿಯಲಿಲ್ಲ.