ಹಲಗೆಯ ಮಟ್ಟಕ್ಕೆ

ಟಪ್ಪೆಂದಿತು ಬಡಗಿ ಎಳೆದು ಬಿಟ್ಟ ನೂಲು, ನೀಲಿ ಪುಡಿ ಎದ್ದು ಬಿಸಿಲಲ್ಲಿ ಒಂದು ಗಳಿಗೆ ನಿಂತು ಹಲಗೆಗಳ ಮೇಲೆ ಕೂತಿತು, ಗೆರೆ ಎಷ್ಟು ನೆಟ್ಟಗಿದೆ, ಮತ್ತೆ ಟಪ್, ಇನ್ನೊಂದು ಗೆರೆ, ಬಡಗಿ ಮಂಡಿಯೂರಿಕೊಂಡೇ ಹಿಂದಕ್ಕೆ ಸರಿಯುತ್ತಿದ್ದಾನೆ, ಮಂಡಿಯ ಮೇಲೆ ಓಡಾಡುವುದು ಅವನಿಗೆ ಕಾಲಲ್ಲಿ ನಡೆದಷ್ಟೇ ಸಲೀಸು, ಹೊಟ್ಟೆಕಿಚ್ಚು ಪಡಬಾರದು, ಪಡುತ್ತಿದ್ದೇನೆ. ನೀಲಿ ಪುಡಿ ನನ್ನ ಬಟಾಣಿ ತಟ್ಟೆಗೂ ಬಂತು, ಇನ್ನು ಇದನ್ನು ಎರಡು ಸಲ ತೊಳೆಯಬೇಕು. ಹಿಂಬಾಗಿಲ ಹೊಸ್ತಿಲ ಒಳಗೆ ಕುರ್ಚಿ ಹಾಕಿ ಕೂರಿಸಿದ್ದಾರೆ ನನ್ನನ್ನು, ಅಮ್ಮ ನೋಡ್ತಾ ಇರ್ಲಿ, ಅವಳಿಗೋಸ್ಕರ ತಾನೆ ಇದೆಲ್ಲ, ಅಂದ ಮಗ, ನನಗೆ ಹೇಳಿದ್ದಲ್ಲ, ಬಡಗಿಗೆ ಹೇಳಿದ್ದು, ನನ್ನ ತಲೆಯ ಮೇಲಿಂದಲೇ ಮಾತು ಹೋಗುತ್ತದೆ ಬರುತ್ತದೆ, ನಾನು ತಂತಿ ಕಂಬದ ಕೆಳಗೆ ಕೂತವಳ ಹಾಗೆ ಕೇಳುತ್ತಿರಬೇಕು. ಹಿತ್ತಿಲ ಕಡೆಯ ಈ ಮರದ ಜಗಲಿ, ಮಗನ ಬಾಯಲ್ಲಿ ಡೆಕ್ಕು, ಇದರ ನಡುಮಧ್ಯೆ ಚೌಕವಾಗಿ ಕೊರೆದು ಬಿಸಿನೀರಿನ ಟಬ್ಬನ್ನು ಒಳಗೆ ಇಳಿಸುವುದು, ಟಬ್ಬಿನ ಅಂಚೂ ಹಲಗೆಯೂ ಒಂದೇ ಮಟ್ಟಕ್ಕೆ ಬರುವ ಹಾಗೆ. ಕೊಳದ ಹಾಗೆ ಕಾಣ್ಬೇಕು, ಅನ್ನುತ್ತಾನೆ. ಅಂಗಡಿಯವರು ಕೊಟ್ಟ ಚಿತ್ರದಲ್ಲಿ ಹಾಗೇ ಇದೆ, ಒಬ್ಬ ಹುಡುಗಿ ಕುತ್ತಿಗೆಯವರೆಗೂ ಮುಳುಗಿ ಕಣ್ಣು ಮುಚ್ಚಿ ನಗುತ್ತಿದ್ದಾಳೆ, ಪಕ್ಕದಲ್ಲಿ ಮಡಿಸಿಟ್ಟ ಬಿಳಿ ಟವೆಲ್ಲು, ಅವಳು ಅದರೊಳಗೆ ಹೇಗೆ ಇಳಿದಳು ಅಂತ ಚಿತ್ರ ಇಲ್ಲ, ಹೇಗೆ ಎದ್ದು ಬರುತ್ತಾಳೆ ಅಂತಂತೂ ಇಲ್ಲವೇ ಇಲ್ಲ, ಅವಳು ಅಲ್ಲೇ ಹುಟ್ಟಿ ಅಲ್ಲೇ ಬೆಳೆದವಳಿರಬೇಕು.

ಬೆಳಗಿನಿಂದ ಮುಚ್ಚಳದ ಜಗಳ. ನೀರು ತಿರುಗಿಸುವ ಪಂಪು ಕೆಳಗೆ ಇರುತ್ತದಂತೆ, ಅದು ಕೆಟ್ಟರೆ ಕೈ ಹಾಕುವುದಕ್ಕೆ ಜಾಗ ಬೇಕು, ಇಲ್ಲೊಂದು ಹಲಗೆ ಎತ್ತೋ ಹಾಗಿರ್ಲಿ ಅನ್ನುತ್ತಾನೆ ಬಡಗಿ, ಎತ್ತೋ ಹಲಗೆ ಅಂದ್ರೆ ಗೆರೆ ಕಾಣುತ್ತೆ ಅನ್ನುತ್ತಾನೆ ಮಗ, ಕಾಣ್ದೇ ಇರೋಕೆ ಪಂಪನ್ನ ನಾನು ಜೇಬಲ್ಲಿಟ್ಕೊಂಡು ಹೋಗ್ಲಾ ಸಾರ್ ಅನ್ನುತ್ತಾನೆ ಬಡಗಿ, ಸೊಸೆ ನಕ್ಕಳು, ಸೊಸೆಗೆ ಅಂಚಿನ ಸುತ್ತ ಪುಟ್ಟ ದೀಪ ಬೇಕು, ದೀಪಕ್ಕೆ ತಂತಿ, ತಂತಿಗೆ ಕೊಳವೆ, ನೀರು ಖಾಲಿ ಮಾಡುವುದಕ್ಕೆ ಇನ್ನೊಂದು ಕೊಳವೆ, ಭಾರವನ್ನು ಹಲಗೆ ಹೊರುವುದಿಲ್ಲ ಅದಕ್ಕೆ ಕೆಳಗೆ ಮಣ್ಣಿನ ಮೇಲೆ ಕಾಂಕ್ರೀಟು ಹಾಸು, ಎಲೆ ಬೀಳದ ಹಾಗೆ ಮೇಲೆ ಒಂದು ಹೊದಿಕೆ, ಆ ಹೊದಿಕೆ ತೆಗೆದರೆ ಎಲ್ಲಿಡುವುದು. ಇಷ್ಟೆಲ್ಲ ತಲೆ ಕೆಡಿಸಿಕೊಂಡವರಿಗೆ ನನ್ನ ಎರಡು ಕಾಲು ನೆನಪಾಗಲಿಲ್ಲ. ನೆನಪಾಗದೆ ಏನು, ಕಾಲಿಗೋಸ್ಕರವೇ ಇದು. ಬಿಸಿನೀರಲ್ಲಿ ಮಂಡಿ ಮುಳುಗಿಸಿ ಕೂತರೆ ಒಳ್ಳೆಯದು ಅಂದರು ಡಾಕ್ಟರು, ಬಕೆಟ್ಟಿನಲ್ಲಿ ಅಂದಿದ್ದರೂ ಅಂದಿರಬಹುದು, ಇವನು ಕೇಳಿಸಿಕೊಂಡದ್ದು ಟಬ್ಬು. ಪ್ರೀತಿಯಿಂದಲೇ ಮಾಡುತ್ತಿದ್ದಾನೆ, ಅದೇ ಕಷ್ಟ, ಕೋಪದಿಂದ ಮಾಡಿದ್ದರೆ ಬಾಯಿಬಿಟ್ಟು ಬೇಡ ಅನ್ನಬಹುದಿತ್ತು. ನನ್ನ ಮಾತು ಹುಟ್ಟುವುದೂ ನಿಧಾನ, ಒಳಗೆ ಒಂದು ವಾಕ್ಯ ಕಟ್ಟಿ ತುದಿಗೆ ತರುವಷ್ಟರಲ್ಲಿ ಇವರು ಎರಡು ಬೀದಿ ದಾಟಿರುತ್ತಾರೆ, ಆಮೇಲೆ ಹೇಳಿದರೆ, ಅದು ಆಗ್ಲೇ ಮುಗೀತಲ್ಲಮ್ಮ.

ಬಿಸಿನೀರಲ್ಲಿ ಸುಮ್ಮನೆ ಕೂರುವುದು ಅಂದರೆ ನನಗೆ ಇನ್ನೂ ನಗು. ಬಿಸಿನೀರು ಅಂದರೆ ಕೆಲಸ. ದೊಡ್ಡ ಹೋಟೆಲಿನ ಲಾಂಡ್ರಿ, ನೆಲಮಾಳಿಗೆ, ಕಿಟಕಿ ಇಲ್ಲ, ನೆಲದಲ್ಲೇ ಹೂತ ಸಿಮೆಂಟಿನ ತೊಟ್ಟಿ, ಅದೂ ನೆಲದ ಮಟ್ಟಕ್ಕೇ, ಕುದಿಯುವ ನೀರಲ್ಲಿ ಹಾಸಿಗೆಯ ಬಿಳಿ ಬಟ್ಟೆಗಳು ಹೆಣದ ಹಾಗೆ ಉಬ್ಬಿ ತೇಲುತ್ತಿದ್ದವು, ನಾವು ದಡದಲ್ಲಿ ಮಂಡಿಯೂರಿ ಕೋಲಿನಿಂದ ತಿರುವಬೇಕು, ಬಗ್ಗಿ ಎಳೆಯಬೇಕು, ನೆನೆದ ಬಟ್ಟೆ ಎಂದರೆ ಕರುವನ್ನು ಎಳೆದಂತೆ. ನನ್ನ ಜೊತೆಗಿದ್ದ ಉದ್ದಕ್ಕ, ಹೆಸರಿಗೆ ತಕ್ಕ ಹಾಗೆ ಬಾಗಿಲಿಗೆ ತಲೆ ತಗುಲಿಸಿಕೊಳ್ಳುತ್ತಿದ್ದವಳು, ಅವಳಿಗೆ ಬಗ್ಗುವುದು ನನಗಿಂತ ದೂರ, ದೇವರು ನನ್ನನ್ನ ಬಟ್ಟೆ ಒಣಗಿಸೋಕೆ ಮಾಡಿದ್ದು ಕಣೇ, ಒಗೆಯೋಕಲ್ಲ, ಅನ್ನುತ್ತಿದ್ದಳು. ತೊಟ್ಟಿ ಸ್ವಲ್ಪ ಎತ್ತರ ಮಾಡಿಸಿ ಅಂತ ಮೇಲ್ವಿಚಾರಕರನ್ನು ಕೇಳಿಕೊಂಡೆವು, ಚೆಲ್ಲಿದ ನೀರು ವಾಪಸ್ಸು ತೊಟ್ಟಿಗೇ ಹೋಗ್ಲಿ ಅಂತ ಹೀಗೆ ಕಟ್ಟಿರೋದು, ಲೆಕ್ಕಾಚಾರ ಇದೆ, ಅಂದರು. ನೀರಿಗೆ ಇದ್ದ ಲೆಕ್ಕ ನಮಗಿರಲಿಲ್ಲ. ಒಂದು ದಿನ ಅವರೇ ಜಾರಿ ಬೂಟಿನ ಸಮೇತ ಒಂದು ಕಾಲು ತೊಟ್ಟಿಗೆ ಇಟ್ಟರು ನೋಡು, ವಾರ ಕಳೆಯುವುದರೊಳಗೆ ಗಾರೆಯವರು ಬಂದರು, ತೊಟ್ಟಿ ಸೊಂಟದೆತ್ತರಕ್ಕೆ ಎದ್ದಿತು, ಉದ್ದಕ್ಕ ಆ ಬೂಟಿಗೆ ಕೈ ಮುಗಿಯಬೇಕು ಅಂದಳು. ಆದರೆ ಅಷ್ಟರಲ್ಲಿ ನನ್ನ ಮಂಡಿ ತನ್ನ ಪಾಲು ತೆಗೆದುಕೊಂಡಾಗಿತ್ತು.

ಹೇಳಲೇ ಇಲ್ಲ ಅಂತಲ್ಲ. ಊಟದ ಹೊತ್ತಿಗೆ ಹೇಳಿದೆ, ಅದು ನೆಲದಲ್ಲಿರೋ ಬದ್ಲು ಕುರ್ಚಿಯಷ್ಟು ಎತ್ತರಕ್ಕಿದ್ರೆ ಆಗಲ್ವೇನಪ್ಪ. ಅಂಚಿನ ಮೇಲೆ ಕುರ್ಚಿಯಲ್ಲಿ ಕೂತ ಹಾಗೆ ಕೂತು, ಒಂದೊಂದೇ ಕಾಲು ಎತ್ತಿ ಒಳಗೆ ಹಾಕಿ, ಬರುವಾಗಲೂ ಹಾಗೇ ತಿರುಗಿ ಎದ್ದು ಬರಬಹುದಲ್ಲ ಅಂತ ಅದರ ಹಿಂದೆ ಹೇಳುವುದು ಇತ್ತು, ಅದು ಹೊರಗೆ ಬರಲಿಲ್ಲ. ಮಗ ನಕ್ಕು ನನ್ನ ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿದ, ಎತ್ತರ ಇದ್ರೆ ನೀನು ಹತ್ತಬೇಕಾಗುತ್ತಲ್ಲಮ್ಮ, ನಿನಗೆ ಹತ್ತೋದು ಕಷ್ಟ ಅಂತಾನೇ ಕೆಳಗೆ ಇಳಿಸ್ತಿರೋದು, ಅಂದ. ಎಷ್ಟು ಯೋಚನೆ ಮಾಡಿದ್ದಾನೆ, ಎಲ್ಲ ತಲೆಕೆಳಗಾಗಿ. ಹತ್ತುವುದು ಕಷ್ಟವಲ್ಲ ಕಂದ, ಕೈಗೆ ಏನಾದರೂ ಸಿಕ್ಕರೆ ಹತ್ತುತ್ತೇನೆ, ನೆಲಕ್ಕೆ ಕೂತರೆ ಏಳಲಾರೆ. ಇಷ್ಟೇ ಮಾತು. ಇಷ್ಟು ಹೇಳಿದರೆ ಗರಗಸ ನಿಲ್ಲುತ್ತದೆ. ಆದರೆ ಹೇಳಿದರೆ ಕೇಳುತ್ತಾನೆ, ನಿಂಗೆ ಹೇಗೆ ಗೊತ್ತು, ಯಾವಾಗ ನೆಲಕ್ಕೆ ಕೂತೆ, ನೀನು ನೆಲಕ್ಕೆ ಕೂರೋದೇ ಇಲ್ವಲ್ಲ, ಅಂತ, ಅವನು ಬಿಡುವವನಲ್ಲ, ಚಿಕ್ಕವನಿದ್ದಾಗ ಗಡಿಯಾರ ಬಿಚ್ಚಿ ಯಾಕೆ ನಿಂತಿತು ಅಂತ ನೋಡಿದವನು, ಕೇಳಿ ಕೇಳಿ ಆವತ್ತಿನವರೆಗೂ ಬರುತ್ತಾನೆ. ಆವತ್ತಿಗೆ ಬಂದರೆ ನನ್ನ ಬಚ್ಚಲ ಚಿಲಕ ಹೋಗುತ್ತದೆ.

ಚಿಲಕ ಹೋಗುತ್ತದೆ, ಅದರಲ್ಲಿ ಅನುಮಾನವಿಲ್ಲ. ಸೊಸೆಯೇ ಹೇಳಿದ್ದಾಳೆ, ಒಳ್ಳೆಯ ಮನಸ್ಸಿನಿಂದಲೇ, ನಮ್ಮಮ್ಮಂಗೆ ಬಚ್ಚಲ ಚಿಲಕಾನೇ ತೆಗೆಸಿಬಿಟ್ವಿ ಅತ್ತೆ, ಯಾವಾಗ ಏನಾಗುತ್ತೋ. ಹೋಗಿ ನೋಡಿ ಬಂದಿದ್ದೇನೆ ಆ ಬೀಗತಿಯನ್ನು. ಬಾಗಿಲು ಅರ್ಧ ತೆರೆದೇ ಇತ್ತು, ಸ್ಟೂಲಿನ ಮೇಲೆ ಕೂರಿಸಿ ಸಂಬಳದ ಹೆಂಗಸೊಬ್ಬಳು ಪಾತ್ರೆ ತೊಳೆದ ಹಾಗೆ ತೊಳೆಯುತ್ತಿದ್ದಳು, ಕೈ ಎತ್ತಿ ಅಮ್ಮ, ಆ ಕೈ ಎತ್ತಿ, ಆಕೆ ನನ್ನನ್ನು ಕಂಡು ಎದೆಗೆ ಕೈ ಅಡ್ಡ ಇಟ್ಟುಕೊಳ್ಳಲಿಲ್ಲ, ಇಟ್ಟುಕೊಳ್ಳುವುದನ್ನೇ ಮರೆತಿದ್ದಳು. ನನಗೆ ನನ್ನದು ಅಂತ ಇರುವ ಕೋಣೆ ಈ ಮನೆಯ ಬಚ್ಚಲೊಂದೇ, ಉಳಿದವುಗಳಲ್ಲಿ ಯಾರಾದರೂ ಬರುತ್ತಾರೆ, ಏನಾದರೂ ಹುಡುಕುತ್ತಾರೆ, ಬಚ್ಚಲಲ್ಲಿ ಚಿಲಕ ಹಾಕಿದರೆ ನಾನು ಯಾರ ಅಮ್ಮನೂ ಅಲ್ಲ ಯಾರ ಅತ್ತೆಯೂ ಅಲ್ಲ, ನನ್ನ ಪಾಡಿಗೆ ಗುನುಗಿಕೊಳ್ಳುತ್ತೇನೆ, ಉದ್ದಕ್ಕನ ಜೊತೆ ಮಾತಾಡುತ್ತೇನೆ, ಅವಳು ಹೋಗಿ ಎಷ್ಟೋ ಕಾಲವಾಯಿತು. ಆ ಚಿಲಕವನ್ನು ಕೊಟ್ಟು ಈ ಟಬ್ಬನ್ನು ನಿಲ್ಲಿಸಬೇಕು. ಇದನ್ನು ನಿಲ್ಲಿಸದಿದ್ದರೆ ಬಿಸಿಲಲ್ಲಿ, ಎಲ್ಲರೆದುರಿಗೆ, ದೀಪದ ನಡುವೆ, ತೊಟ್ಟಿಯಿಂದ ನೆಲಕ್ಕೆ, ನೆಲದಿಂದ ಮೇಲಕ್ಕೆ, ಇಬ್ಬರು ಕಂಕುಳಿಗೆ ಕೈ ಕೊಟ್ಟು ಮೂಟೆ ಎತ್ತಿದ ಹಾಗೆ, ಒಂದು ದಿನವಲ್ಲ, ದಿನಾ.

ಆವತ್ತು ಎಂದರೆ ಏನು ಮಹಾ, ಸೋಪು ಜಾರಿತು, ಅದರ ಹಿಂದೆ ಕೈ ಹೋಯಿತು, ಕೈಯ ಹಿಂದೆ ನಾನು. ನೋವೂ ಅಷ್ಟಿರಲಿಲ್ಲ. ಕೆನ್ನೆ ನೆಲಕ್ಕೆ, ನೆಲ ತಣ್ಣಗೆ, ಕಣ್ಣಿಗೆ ಅಂಟಿದ ಹಾಗೆ ಬಚ್ಚಲ ಜಾಲರಿ, ಅಷ್ಟು ಹತ್ತಿರದಿಂದ ಅದನ್ನು ಯಾರೂ ನೋಡಿರಲಾರರು, ಒಂದು ತೂತಿನಲ್ಲಿ ಸೋಪಿನ ಚೂರು, ನೀರು ಎಳೆಯುತ್ತಿದೆ, ಚೂರು ನಡುಗುತ್ತಿದೆ, ಕೆಳಗೆ ಹೋಗುವುದಿಲ್ಲ, ಬಿಟ್ಟು ಬರುವುದೂ ಇಲ್ಲ. ಬಾಗಿಲು ತಟ್ಟಿದ ಮಗ, ಅಮ್ಮ, ಎಷ್ಟೊತ್ತಾಯ್ತು, ಆಯ್ತಾ. ಬಟ್ಟೆ ಒಗೀತಿದೀನಿ ಕಣೋ, ಅಂದೆ, ನಿಂತುಕೊಂಡು ಹೇಳಿದವಳ ದನಿಯಲ್ಲಿ. ಹೆಜ್ಜೆ ಸಪ್ಪಳ ದೂರ ಹೋಯಿತು. ಬಕೆಟ್ಟು ಬೋರಲು ಹಾಕಿ, ಅದರ ಮೇಲೆ ಮೊಣಕೈ, ನಲ್ಲಿಗೆ ಕೈ, ಹೇಗೆ ಎದ್ದೆನೋ, ಎದ್ದೆ. ಸಾಕು, ಅದು ಬೇಡ, ಬಟಾಣಿ ಮುಗಿಯಿತು, ಸಿಪ್ಪೆಯನ್ನೇ ಬಿಡಿಸುತ್ತಿದ್ದೇನೆ.

ಗರಗಸದ ತಂತಿಯನ್ನು ಗೋಡೆಗೆ ಸಿಕ್ಕಿಸಿದ ಬಡಗಿ. ಸುಮ್ಮನೆ ಒಮ್ಮೆ ಒತ್ತಿ ನೋಡಿದ, ಕೀರ್ ಎಂದು ಹಲ್ಲು ಜುಮ್ಮೆನ್ನುವ ಸದ್ದು, ನಿಂತಿತು. ಇನ್ನೊಂದ್ಸಲ ಹೇಳಿಬಿಡಿ ಸಾರ್, ತೊಲೆ ಕತ್ತರಿಸಿದ ಮೇಲೆ ಮತ್ತೆ ಹಾಗೇ ಕೂಡ್ಸೋಕಾಗಲ್ಲ. ಮಗ ಸೊಸೆಯನ್ನು ನೋಡಿದ, ಸೊಸೆ ಚಿತ್ರವನ್ನು ನೋಡಿದಳು. ಈಗ ಹೇಳು, ಹೇಳು ಮುದುಕಿ, ವಾಕ್ಯ ಕಟ್ಟಬೇಡ, ಹಾಗೇ ಎಸೆ, ಅಷ್ಟರಲ್ಲಿ ಕತ್ತರಿಸು ಅಂದ ಮಗ, ತಟ್ಟೆ ಕೆಳಗಿಟ್ಟೆ. ಬಾಯಿಗೆ ಬಾರದ್ದು ಕಾಲಿಗೆ ಬಂತು. ಬಾಗಿಲ ಚೌಕಟ್ಟು ಹಿಡಿದು, ಆಮೇಲೆ ಜಗಲಿಯ ಕಟಾಂಜನ ಹಿಡಿದು, ಆಮೇಲೆ ಏನೂ ಹಿಡಿಯದೆ, ನೀಲಿ ಗೆರೆಯ ತನಕ ಹೋದೆ, ಬಡಗಿ ಗರಗಸ ಹಿಂದಕ್ಕೆಳೆದುಕೊಂಡ, ಅಮ್ಮ ಪುಡಿ ಮೆತ್ತುತ್ತೆ ಅಂದ, ನಾನು ಗೆರೆಯ ಅಂಚಿನಲ್ಲಿ ಧೊಪ್ಪನೆ ಕೂತೆ. ಹಲಗೆ ಬೆಚ್ಚಗಿತ್ತು. ಕಾಲು ನೀಡಿ ಚೌಕದೊಳಗೆ ಇಟ್ಟೆ. ಸೊಸೆ ನಕ್ಕಳು, ಅತ್ತೆಗೆ ನೀರು ತುಂಬೋವರೆಗೂ ತಡೆಯಲ್ಲ ನೋಡಿ, ಅಂದಳು, ಫೋನು ತೆಗೆದು ಚಿತ್ರ ಹಿಡಿದಳು, ಮಗನ ಮುಖ ಅಗಲವಾಯಿತು, ಸಂತೋಷ, ಎಷ್ಟು ಸಂತೋಷ ಅವನಿಗೆ, ಅದನ್ನು ನೋಡಬಾರದಿತ್ತು.

ಸರಿ ಅಮ್ಮ, ಎದ್ಬಿಡಿ, ನಾನು ಕೊಯ್ಯಬೇಕು, ಅಂದ ಬಡಗಿ.

ಸ್ನಾನ ಆಯ್ತು ಅಂದ್ಕೊಳ್ರಪ್ಪ, ಅಂದೆ ನಾನು, ಏಳ್ತೀನಿ, ನೋಡಿ. ಬಲಗೈ ಊರಿದೆ, ಸೊಂಟ ತಿರುಗಿಸಿದೆ, ಮಂಡಿಯನ್ನು ಕೆಳಗೆ ತರಬೇಕು, ಅದು ಬರುವುದಿಲ್ಲ, ಎಡಗೈಯನ್ನೂ ಊರಿ ಮುಂದಕ್ಕೆ ಬಾಗಿದೆ, ಸೆರಗು ಜಾರಿತು, ಹಿಂದಕ್ಕೆ ಕೂತೆ, ಇನ್ನೊಂದು ಸಲ, ಅಂಗೈಗೆಲ್ಲ ನೀಲಿ. ಸೊಸೆಯ ಫೋನು ಮೆಲ್ಲಗೆ ಕೆಳಗಿಳಿಯಿತು. ಮಗನ ಕೈ ನನ್ನ ಮುಖದೆದುರಿಗೆ ಬಂತು. ಕೈ ಕೊಡಬೇಡ, ಅಂದೆ. ಆ ಕೈ ಅಲ್ಲೇ ನಿಂತಿತು, ಆಮೇಲೆ ತಾನೇ ಹಿಂದಕ್ಕೆ ಹೋಯಿತು. ಬಡಗಿ ಬೇರೆ ಕಡೆ ತಿರುಗಿ ಗರಗಸದ ತಂತಿಯನ್ನು ಗೋಡೆಯಿಂದ ಕಿತ್ತು ಸುತ್ತತೊಡಗಿದ, ಒಳ್ಳೆಯ ಮನುಷ್ಯ, ಸುತ್ತಿದ್ದನ್ನೇ ಮತ್ತೆ ಬಿಚ್ಚಿ ಸುತ್ತಿದ. ಮಗ ಕುಕ್ಕರಗಾಲಲ್ಲಿ ಎದುರಿಗೆ ಕೂತ, ಗಡಿಯಾರ ಬಿಚ್ಚಿದ ಹುಡುಗನ ಕಣ್ಣು, ನನ್ನ ಮಂಡಿ ನೋಡಿದ, ನೀಲಿ ಅಂಗೈ ನೋಡಿದ, ನನಗೆ ಗೊತ್ತು ಎಲ್ಲಿಗೆ ಬರುತ್ತಾನೆ, ಬರುತ್ತಿದ್ದಾನೆ, ಬಂದ.

ಅಮ್ಮ, ಆವತ್ತು ನಾನು ಬಾಗಿಲು ತಟ್ಟಿದಾಗ, ನೀನು ಬಟ್ಟೆ ಒಗೀತಿರ್ಲಿಲ್ಲ, ಅಲ್ವಾ.

ಒಗೀತಿದ್ದೆ ಅನ್ನಬೇಕು, ನಿಂತವಳ ದನಿ ಬೇಕು, ಕೂತಲ್ಲಿಂದ ಆ ದನಿ ಏಳುವುದಿಲ್ಲ, ಚಿಲಕ, ಆ ಕಬ್ಬಿಣದ ಪುಟ್ಟ ಚಿಲಕ, ಏನಾದರೂ ಹೇಳು, ಹೇಳದಿದ್ದರೂ ಹೇಳಿದ ಹಾಗೇ, ಕೆನ್ನೆಗೆ ತಣ್ಣನೆ ನೆಲ, ಇಲ್ಲ, ಇದು ಹಲಗೆ, ಬಿಸಿಲು, ಜಾಲರಿ, ಮಗ ಕಾಯುತ್ತಿದ್ದಾನೆ, ಜಾಲರಿ, ತೂತಿನಲ್ಲಿ ಸೋಪಿನ ಚೂರು, ನೀರು ಎಳೆಯುತ್ತಿದೆ, ಸೋಪಿನ ಚೂರು, ಸೋಪಿನ ಚೂರು