ಸಂಜೆಯ ಪಾಲಿನ ನೀರು

ಅರವತ್ತು ದಾಟಿದ ಮೇಲೂ ತಿಮ್ಮಿಯ ಮುಖ ತೊಳೆದಿಟ್ಟ ತಾಮ್ರದ ಹಾಗೆ ಹೊಳೆಯುತ್ತಿತ್ತು. ಮೂವತ್ತು ವರ್ಷ ಹರಿವೆ, ಬಸಳೆಯ ಬುಟ್ಟಿ ಹೊತ್ತು ಕಾಯ್ಕಿಣಿಯಿಂದ ಮುರುಡೇಶ್ವರದ ಪೇಟೆಗೆ ಬಿಸಿಲಲ್ಲಿ ನಡೆದವಳು ಎಂದು ಹೇಳಿದರೆ ಹೊಸಬರು ನಂಬುತ್ತಿರಲಿಲ್ಲ.

ನೆರೆಮನೆಯ ಹೊನ್ನಮ್ಮನಿಗೆ ಇದೊಂದು ತೀರದ ಹೊಟ್ಟೆಕಿಚ್ಚು. "ಎಂತದೇ ನೀನು ಮೋರೆಗೆ ಹಚ್ಚೂದು? ಯಾವ ಪೌಡರು, ಹೇಳೇ ಮಾರಾಯ್ತಿ" ಎಂದು ಬೇಲಿಯಾಚೆಯಿಂದ ಕೇಳುತ್ತಿದ್ದಳು.

"ಹಚ್ಚೂದಲ್ಲ, ಕುಡೂದು. ಬಾವಿ ಪೌಡರು."

ಸುಳ್ಳೇನೂ ಅಲ್ಲ. ಬೆಳಗಾದರೆ ತಿಮ್ಮಿ ಬಾವಿಯಿಂದ ಮೊದಲ ಕೊಡ ಸೇದಿ, ತುಳಸಿಗೆ ಒಂದಿಷ್ಟು ಎರೆದು, ಕಟ್ಟೆಯ ಮೇಲೆ ಕುಳಿತು ಒಂದು ತಂಬಿಗೆ ನೀರನ್ನು ಎತ್ತಿ ಹಿಡಿದು ಗಟಗಟ ಕುಡಿಯುತ್ತಿದ್ದಳು. ಆಮೇಲೆಯೇ ಯಾರೊಂದಿಗಾದರೂ ಮಾತು. ಅವಳ ಅವ್ವಿ ಮಾಡಿದ್ದೂ ಹಾಗೆಯೇ. ಅವ್ವಿ ಇನ್ನೊಂದು ಮಾತನ್ನೂ ಕಲಿಸಿ ಹೋಗಿದ್ದಳು: ನೀರು ಕೇಳಿದವರಿಗೆ ಇಲ್ಲ ಅನ್ನಬೇಡ, ಅಂದರೆ ಬಾವಿ ಕೇಳಿಸಿಕೊಳ್ಳುತ್ತದೆ. ಹಾಗಾಗಿ ಆ ಮನೆಯಲ್ಲಿ ಬಳೆಗಾರನಿಂದ ಹಿಡಿದು ಕರೆಂಟ್ ಮೀಟರ್ ನೋಡಲು ಬಂದವನವರೆಗೆ ಎಲ್ಲರಿಗೂ ಒಂದು ತುಂಡು ಬೆಲ್ಲ, ಒಂದು ತಂಬಿಗೆ ನೀರು. ಬೇಡ ಎಂದರೆ ತಿಮ್ಮಿಗೆ ಸಿಟ್ಟು.

ಮಗ ಜಟ್ಟನಿಗೆ ಹೊನ್ನಾವರದ ಕಡೆಯಿಂದ ಹೆಣ್ಣು ತಂದಳು. ನೇತ್ರಾ, ಹೊಳೆಯಂಚಿನ ಊರಿನವಳು. ಚೈತ್ರ ಕಳೆಯಿತೆಂದರೆ ಅಲ್ಲಿನ ಬಾವಿಗಳೆಲ್ಲ ಉಪ್ಪು. ಟ್ಯಾಂಕರ್ ಬಂದರೆ ಮನೆಗೆ ಎರಡು ಕೊಡ. ಆ ಲೆಕ್ಕದಲ್ಲಿ ಬೆಳೆದ ಹುಡುಗಿ ನೀರನ್ನು ಔಷಧಿಯ ಹಾಗೆ ಗುಟುಕು ಗುಟುಕಾಗಿ ಕುಡಿಯುತ್ತಿದ್ದಳು. ಮೈ ಸಪೂರ, ಚರ್ಮ ಒಣಒಣ. ತಿಮ್ಮಿ ನೋಡಿ ತನ್ನ ತಂಬಿಗೆಯನ್ನೇ ಅವಳ ಕೈಗೆ ಕೊಟ್ಟಳು.

"ಹಂಗೆ ಕುಡೂದಲ್ಲ ಮಗಾ, ಎತ್ತಿ ಕುಡಿ. ಇಲ್ಲಿ ಬಾವಿಗೆ ಯಾರೂ ಬೀಗ ಹಾಕಿಲ್ಲ."

"ಹೊಟ್ಟೆ ಒಡೀತದೆ ಅತ್ತೆ!"

"ಒಡದ್ರೆ ನಾನು ಹೊಲೀತೆ. ಕುಡಿ."

ಅಂದಿನಿಂದ ಕಟ್ಟೆಯ ಮೇಲೆ ಬೆಳಿಗ್ಗೆ ಇಬ್ಬರು. ಎರಡು ತಂಬಿಗೆ. ಮೊದಮೊದಲು ನೇತ್ರಾಳ ರವಕೆಯೆಲ್ಲ ಒದ್ದೆ, ನಗು, ಕೆಮ್ಮು. ಆಮೇಲಾಮೇಲೆ ಅತ್ತೆಗಿಂತ ಮೊದಲೇ ತಂಬಿಗೆ ಖಾಲಿ ಮಾಡಿ ಬೋರಲು ಹಾಕಿ ತೋರಿಸುವಷ್ಟಾದಳು. ಜಟ್ಟ ತನ್ನ ಗೂಡ್ಸ್ ರಿಕ್ಷಾ ಹೊರಡಿಸುತ್ತಾ, "ಅತ್ತೆ ಸೊಸೆ ಸೇರಿ ಬಾವಿ ಬತ್ತಿಸ್ತ್ರಿ" ಎಂದು ಕಾಡುತ್ತಿದ್ದ.

ಎರಡನೆಯ ವರ್ಷದ ಮಳೆಗಾಲ ಮುಗಿಯುವ ಹೊತ್ತಿಗೆ ನೇತ್ರಾಳ ಮುಖ ತುಂಬಿಕೊಂಡಿತು. ಕೆನ್ನೆ ದುಂಡಗಾಯಿತು. ಕಣ್ಣ ಕೆಳಗಿನ ಗುಳಿ ಮುಚ್ಚಿತು. ಬಳೆ ಬಿಗಿಯಾಯಿತು.

"ನಿನ್ನ ಸೊಸೆ ಮೋರೆ ಕಂಡ್ಯೇನೆ? ಬೆಳಿಗ್ಗೆ ನೋಡಿದ್ರೆ ಹುಣ್ಣಿಮೆ!" ಎಂದಳು ಹೊನ್ನಮ್ಮ.

"ಕಾಯ್ಕಿಣಿ ನೀರು ಒಗ್ಗಿತು" ಎಂದು ತಿಮ್ಮಿ ಎದೆಯುಬ್ಬಿಸಿದಳು.

ಬೆಳಿಗ್ಗೆ ದುಂಡಗಿದ್ದ ಮುಖ ಮಧ್ಯಾಹ್ನದ ಹೊತ್ತಿಗೆ ಇಳಿಯುತ್ತಿತ್ತು. ಬೆಳಗಿನ ನೀರಿನ ಕಳೆ ಬಿಸಿಲಿಗೆ ಆರುತ್ತದೆ ಎಂದುಕೊಂಡ ತಿಮ್ಮಿ, ಮಧ್ಯಾಹ್ನಕ್ಕೂ ಒಂದು ತಂಬಿಗೆ ಹೇಳಿದಳು. ನೇತ್ರಾಳಿಗೆ ಸುಸ್ತು ಎಂದರೆ ಇನ್ನೊಂದು ಲೋಟ. ಹಾಗಿರುವಾಗ ಒಂದು ದಿನ ಹುಡುಗಿ ವಾಂತಿ ಮಾಡಿಕೊಂಡಳು. ಎರಡು ತಿಂಗಳಿಂದ ಮುಟ್ಟೂ ಆಗಿರಲಿಲ್ಲ. ಇನ್ನೇನು ಬೇಕು? ಹೊನ್ನಮ್ಮ ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿಯನ್ನೇ ಹೊತ್ತು ತಂದಳು. ಜಟ್ಟ ರಿಕ್ಷಾಕ್ಕೆ ಹೊಸ ಹೂವಿನ ಮಾಲೆ ಹಾಕಿದ.

"ಅತ್ತೆ, ಕಾಲು ಭಾರ ಆತದೆ" ಎಂದಳು ನೇತ್ರಾ ಒಮ್ಮೆ, ಕಾಲುಂಗುರ ತೆಗೆಯಲಾಗದೆ.

"ಬಸುರಿ ಕಾಲು ಭಾರ ಆಗ್ದೆ, ನನ್ನ ಕಾಲು ಭಾರ ಆತದ್ಯಾ?"

ಇಬ್ಬರೂ ನಕ್ಕರು. ಆ ನಗು ತಿಮ್ಮಿಗೆ ಆಮೇಲೆ ಎಷ್ಟೋ ಬೆಳಿಗ್ಗೆ ನೆನಪಾಯಿತು.

ಆಶಾ ಕಾರ್ಯಕರ್ತೆ ಪರಮೇಶ್ವರಿ ಬಂದು ಪರೀಕ್ಷೆ ಮಾಡಿ ನೋಡಿದಳು. ಬಸುರಲ್ಲ ಎಂದಳು. ನೇತ್ರಾಳ ಮುಖವನ್ನೇ ಒಂದು ಗಳಿಗೆ ನೋಡಿ, "ತಿಮ್ಮಕ್ಕ, ಇದು ಬಾವು. ನಾಳೆಯೇ ಡಾಕ್ಟ್ರಿಗೆ ತೋರಿಸಿ" ಎಂದಳು.

ತಿಮ್ಮಿಗೆ ಆ ಮಾತು ಸೇರಲಿಲ್ಲ. ತಾನು ದಿನದಿನವೂ ಎರೆದು ಬೆಳೆಸಿದ ಮುಖದ ಕಳೆಯನ್ನು ಬಾವು ಎನ್ನುವುದೆ? ಹೊನ್ನಮ್ಮನ ಕಣ್ಣು ತಾಗಿರಬೇಕು ಎಂದು ಮೆಣಸು ನಿವಾಳಿಸಿ ಒಲೆಗೆ ಹಾಕಿದಳು. "ಒಂದು ಹತ್ತು ದಿನ ನೋಡ್ವ" ಎಂದಳು. ಹತ್ತು ದಿನ ಹೋಗಿ ಒಂದೂವರೆ ತಿಂಗಳಾಯಿತು. ಒಂದು ಬೆಳಿಗ್ಗೆ ಕೊಡ ಸೇದುತ್ತಿದ್ದ ನೇತ್ರಾ ಹಗ್ಗ ಬಿಟ್ಟು, ಉಸಿರು ಸಿಗದೆ, ಬಾವಿಕಟ್ಟೆಗೆ ಒರಗಿ ಕುಸಿದಳು.

ಕುಮಟಾದ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ನೇತ್ರಾಳ ಮೊಣಕಾಲ ಕೆಳಗೆ ಹೆಬ್ಬೆರಳು ಒತ್ತಿ ತೆಗೆದರು. ಅಲ್ಲಿ ಗುಳಿ ಬಿತ್ತು. ಹಸಿ ಮಣ್ಣಲ್ಲಿ ಬೆರಳೂರಿದ ಹಾಗೆ. ತಿಮ್ಮಿ ನೋಡುತ್ತಲೇ ಇದ್ದಳು, ಗುಳಿ ಮುಚ್ಚಲಿಲ್ಲ.

"ಎಷ್ಟು ದಿನದಿಂದ ಹೀಗೆ?"

ತಿಮ್ಮಿ ಸೊಸೆಯ ಸೀರೆಯನ್ನು ಕೆಳಗೆಳೆದು ಆ ಗುಳಿಯನ್ನು ಮುಚ್ಚಿದಳು. ಎರಡೂ ಕಿಡ್ನಿ ಹೋಗಿವೆ ಎಂದರು. ವಾರಕ್ಕೆರಡು ಸಲ ಡಯಾಲಿಸಿಸ್ ಎಂದರು. ಕೊನೆಗೆ ಹೇಳಿದ ಮಾತು ತಿಮ್ಮಿಯ ಕಿವಿಯಲ್ಲಿ ನಿಂತಿತು: "ಇನ್ನು ಮೇಲೆ ದಿನಕ್ಕೆ ಅರ್ಧ ಲೀಟರ್ ನೀರು. ಚಹಾ, ಗಂಜಿತಿಳಿ, ಮಜ್ಜಿಗೆ, ಎಲ್ಲ ಸೇರಿ. ಹೆಚ್ಚು ಕುಡಿದರೆ ಹೊರಗೆ ಹೋಗೋದಿಲ್ಲ, ಶ್ವಾಸಕೋಶಕ್ಕೆ ಏರ್ತದೆ."

ಮನೆಗೆ ಬಂದ ದಿನವೇ ನೇತ್ರಾ ಒಂದು ಅರ್ಧ ಲೀಟರಿನ ಖಾಲಿ ಬಾಟಲಿ ಹುಡುಕಿ, ತನ್ನ ಮದುವೆಯ ಕೆಂಪು ಉಗುರುಬಣ್ಣದಿಂದ ಅದಕ್ಕೆ ಗೀಟು ಎಳೆದು ನಾಲ್ಕು ಪಾಲು ಮಾಡಿದಳು. ಬೆಳಿಗ್ಗೆಗೆ ಒಂದು, ಹೊತ್ತೇರಿದ ಮೇಲೆ ಒಂದು, ಸಂಜೆಗೆ ಒಂದು, ಮಲಗುವಾಗ ಒಂದು. ಬಾಟಲಿಯನ್ನು ಅತ್ತೆಯ ಕೈಗೆ ಕೊಟ್ಟಳು.

"ನನ್ನ ಕೈಲಿದ್ರೆ ಮಧ್ಯಾಹ್ನಕ್ಕೇ ಮುಗಿಸ್ತೆ. ನೀವೇ ಇಟ್ಕಳಿ."

ನೀರು ಕೇಳಿದವರಿಗೆ ಇಲ್ಲ ಅನ್ನದ ಹೆಂಗಸಿಗೆ ಅಂದಿನಿಂದ ಅದೇ ಕೆಲಸವಾಯಿತು. ದಿನಕ್ಕೆ ಹತ್ತು ಸಲ, ಹದಿನೈದು ಸಲ, ಇಲ್ಲ ಅನ್ನುವುದು. ಒಣಗಿದ ನಾಲಗೆಯನ್ನು ನೋಡುತ್ತಾ ಇಲ್ಲ ಅನ್ನುವುದು. ಮನೆಗೆ ಬಂದವರಿಗೆ ಬೆಲ್ಲ ನೀರು ಕೊಡುವುದನ್ನು ಅವಳು ಹಿತ್ತಿಲಿಗೆ ಕರೆದು ಮಾಡತೊಡಗಿದಳು. ಬೆಳಗಿನ ತನ್ನ ತಂಬಿಗೆಯನ್ನೂ ಬಿಟ್ಟಳು.

ಒಂದು ಬೆಳಿಗ್ಗೆ ಜಗಲಿಯಲ್ಲಿ ದಿಂಬಿಗೆ ಒರಗಿದ್ದ ನೇತ್ರಾ ಕೇಳಿದಳು. "ಅತ್ತೆ, ನೀವು ಈಗ ಕುಡೂದಿಲ್ಲ?"

"ಕುಡೀತೆ, ಆಮೇಲೆ."

"ಸುಳ್ಳು ಹೇಳೂಕೆ ಬರೂದಿಲ್ಲ ನಿಮಗೆ. ಕಟ್ಟೆ ಮೇಲೆ ಕೂತು ಮೊದಲಿನ ಹಂಗೆ ಕುಡೀರಿ. ನಾನು ಗಟಗಟ ಶಬ್ದ ಆದ್ರೂ ಕೇಳ್ತೆ."

ತಿಮ್ಮಿ ತಂಬಿಗೆ ಎತ್ತಿದಳು. ನೇತ್ರಾ ಅವಳ ಗಂಟಲನ್ನೇ ನೋಡುತ್ತಾ ಬಾಯೊಳಗಿಲ್ಲದ ನೀರನ್ನು ನುಂಗಿದಳು. ತಿಮ್ಮಿಗೆ ನೀರು ಒಳಗೆ ಇಳಿಯದೆ ಮೂಗಿಗೆ ಏರಿತು. ಕೆಮ್ಮಿ ಕೆಮ್ಮಿ ರವಕೆ ಒದ್ದೆಯಾಯಿತು.

"ಈಗ ಹೊಲೀರಿ ಹೊಟ್ಟೆ" ಎಂದು ನೇತ್ರಾ ನಕ್ಕಳು.

ವಾರಕ್ಕೆರಡು ದಿನ ಹೆದ್ದಾರಿಯಲ್ಲಿ ಬಸ್ಸು ಹಿಡಿದು ಕುಮಟಾಕ್ಕೆ. ಹೊನ್ನಾವರದ ಸೇತುವೆ ಬಂದಾಗ ನೇತ್ರಾ ಕಿಟಕಿಗೆ ಹಣೆ ಆನಿಸುತ್ತಿದ್ದಳು. ಕೆಳಗೆ ಶರಾವತಿ, ಕಣ್ಣು ಹಾಯಿಸಿದಷ್ಟೂ ನೀರು.

"ಸಣ್ಣಕಿದ್ದಾಗಲೂ ಹಿಂಗೇ ಅತ್ತೆ. ಮನೆ ಎದುರು ಹೊಳೆ ತುಂಬ ನೀರು, ಕುಡೂಕೆ ಮಾತ್ರ ಇಲ್ಲ."

ಎಷ್ಟೋ ದಿನದಿಂದ ಕೇಳಬೇಕೆಂದಿದ್ದನ್ನು ತಿಮ್ಮಿ ಅಂದು ಸೇತುವೆಯ ಮೇಲೆ ಕೇಳಿದಳು. "ಮಗಾ, ನಾನು ಕುಡಿಸಿದ್ದ್ರಿಂದ ಆದದ್ದೇನೇ ಇದು?"

"ಡಾಕ್ಟ್ರಮ್ಮ ಹೇಳಿದ್ರಲ್ಲ, ನೀರಿಂದ ಅಲ್ಲ ಅಂತ. ಮೊದಲೇ ಒಳಗೇ ಇತ್ತಂತೆ."

ಡಾಕ್ಟರಮ್ಮ ಇನ್ನೊಂದು ಮಾತನ್ನೂ ಹೇಳಿದ್ದರು, ಒಂದೆರಡು ತಿಂಗಳು ಮೊದಲೇ ಬಂದಿದ್ದರೆ ಎಂದು. ಅದನ್ನು ನೇತ್ರಾ ಹೇಳಲಿಲ್ಲ. ತಿಮ್ಮಿಯೂ ಎತ್ತಲಿಲ್ಲ. ಬಸ್ಸು ಸೇತುವೆ ದಾಟಿತು. ನೇತ್ರಾ ಅತ್ತೆಯ ಕೈಯನ್ನು ತನ್ನ ತೊಡೆಯ ಮೇಲೆ ಎಳೆದಿಟ್ಟುಕೊಂಡು ಕುಮಟಾ ಬರುವವರೆಗೂ ಬಿಡಲಿಲ್ಲ.

ಹೋಳಿ ಕಳೆದ ವಾರ. ಬಿಸಿಲು ಆಗಲೇ ಸುಡುತ್ತಿತ್ತು. ಮರುದಿನ ಕುಮಟಾಕ್ಕೆ ಹೋಗುವುದಿತ್ತು. ಬೆಳಗಿನ ಪಾಲು ಮುಗಿದಿತ್ತು, ಹೊತ್ತೇರಿದ ಮೇಲಿನದೂ ಮುಗಿದಿತ್ತು. ನೇತ್ರಾಳ ಮುಖ ದುಂಡಗೆ ಊದಿ ಕಣ್ಣು ಸಣ್ಣದಾಗಿತ್ತು.

"ಅತ್ತೆ, ಒಂದು ಗುಟುಕು."

"ಅದು ಸಂಜೆ ಪಾಲು ಮಗಾ. ಈಗ ಕೊಟ್ರೆ ಸಂಜೆಗೆ ಎಂತ ಮಾಡ್ತೆ ನೀನು?"

"ಸಂಜೆ ಕೇಳೂದಿಲ್ಲ."

"ದಿನಾ ಇದೇ ಹೇಳ್ತೆ ನೀನು."

ದಿನವೂ ಹೇಳುವುದು ಹೌದು. ದಿನವೂ ಸಂಜೆ ಕೇಳುವುದೂ ಹೌದು. ತಿಮ್ಮಿ ಬಟ್ಟೆಯ ತುದಿ ಒದ್ದೆ ಮಾಡಿ ಸೊಸೆಯ ತುಟಿ ಒರೆಸಿದಳು. ನೇತ್ರಾ ಆ ಬಟ್ಟೆಯನ್ನು ಹಲ್ಲಲ್ಲಿ ಕಚ್ಚಿ ಹಿಡಿದು, ಬಿಟ್ಟು, "ಜಿಪುಣಿ" ಎಂದಳು. ತಿಮ್ಮಿ ಅವಳ ಕೆನ್ನೆ ತಟ್ಟಿ, ಬಾಟಲಿಯನ್ನು ಗೋಡೆಯ ಎತ್ತರದ ನಾಗಂದಿಗೆಯ ಮೇಲಿಟ್ಟು, ಹರಿವೆ ಕೊಯ್ಯಲು ಹಿತ್ತಿಲಿಗೆ ಹೋದಳು.

ಎರಡು ಕಟ್ಟು ಹರಿವೆ ಆಗುವಷ್ಟು ಹೊತ್ತು. ಬಂದು ನೋಡಿದರೆ ನೇತ್ರಾಳ ಉಸಿರು ಗೊರಗೊರ ಎನ್ನುತ್ತಿತ್ತು. ತಿಮ್ಮಿ ಕೂಗಿದಳು, ಹೊನ್ನಮ್ಮ ಓಡಿ ಬಂದಳು, ಜಟ್ಟನಿಗೆ ಫೋನು ಹೋಯಿತು. ಅವನ ರಿಕ್ಷಾ ಅಂಗಳಕ್ಕೆ ತಿರುಗುವ ಮೊದಲೇ ಎಲ್ಲ ಆಗಿಹೋಗಿತ್ತು. ನೇತ್ರಾಳ ತಲೆ ತಿಮ್ಮಿಯ ಮಡಿಲಲ್ಲಿತ್ತು.

ಹೊನ್ನಾವರದಿಂದ ನೇತ್ರಾಳ ತಾಯಿ ಬರುವಷ್ಟರಲ್ಲಿ ಅಂಗಳ ತುಂಬಿತ್ತು. ಜಗಲಿಯಲ್ಲಿ ತೆಂಕು ತಲೆ ಮಾಡಿ ಮಲಗಿಸಿದ್ದರು. ಬಾಯಿಗೆ ನೀರು ಬಿಡಬೇಕು, ಬಾವಿಯಿಂದ ಹೊಸ ನೀರು ತನ್ನಿ ಎಂದರು ಹಿರಿಯರು. ಹೊನ್ನಮ್ಮ ತಾನೇ ಸೇದಿ ತಿಮ್ಮಿಯ ತಾಮ್ರದ ತಂಬಿಗೆಯ ತುಂಬ ತಂದು, ತುಳಸಿ ಎಲೆ ಹಾಕಿ ಇಟ್ಟಳು.

ತಿಮ್ಮಿ ಎದ್ದು ಒಳಗೆ ಹೋದಳು. ಬರುವಾಗ ಕೈಯಲ್ಲಿ ಬಾಟಲಿ ಇತ್ತು.

"ಇದು ಅವಳದು. ಸಂಜೆ ಪಾಲು ಉಳದದೆ."

"ಹೊಸ ನೀರು ಆಗ್ಬೇಕೇ ತಿಮ್ಮಿ. ಅದು ಬೆಳಿಗ್ಗೆ ತುಂಬಿಟ್ಟದ್ದು" ಎಂದಳು ಹೊನ್ನಮ್ಮ ಮೆಲ್ಲಗೆ.

"ಕೇಳಿದ್ಲು ಹೊನ್ನಿ. ನಾನು ಕೊಡ್ಲಿಲ್ಲ."

ಹೊನ್ನಮ್ಮ ತಂಬಿಗೆಯನ್ನು ತನ್ನ ಪಕ್ಕಕ್ಕೆ ಸರಿಸಿಕೊಂಡಳು. ಜಟ್ಟ ಮೊದಲು ಬಿಟ್ಟ, ಆಮೇಲೆ ನೇತ್ರಾಳ ತಾಯಿ, ಆಮೇಲೆ ಬಂದವರೆಲ್ಲ, ಬಾಟಲಿಯ ಮುಚ್ಚಳದಲ್ಲಿ ಒಂದೊಂದು ಹನಿ. ಕೊನೆಗೆ ತಿಮ್ಮಿ ಕುಳಿತಳು. ಮುಚ್ಚಳ ಬದಿಗಿಟ್ಟು ಬಾಟಲಿಯಿಂದಲೇ ಬಿಟ್ಟಳು. ನೀರು ತುಟಿಯ ಮೂಲೆಯಿಂದ ಹರಿದು ಕುತ್ತಿಗೆಗೆ ಇಳಿಯಿತು. ಅದನ್ನು ಸೆರಗಿನಿಂದ ಒರೆಸಿದಳು. ಇಷ್ಟು ದಿನದ ಅಭ್ಯಾಸ, ಕೈ ತಾನಾಗಿ ಬಾಟಲಿಯನ್ನು ಬೆಳಕಿಗೆ ಎತ್ತಿ ಹಿಡಿಯಿತು, ಗೀಟು ನೋಡಲು. ಮಲಗುವಾಗಿನ ಪಾಲು ಇನ್ನೂ ಹಾಗೇ ಇತ್ತು.

ಅದನ್ನೂ ಬಿಟ್ಟಳು. ಆಮೇಲೆ ಹೊನ್ನಮ್ಮನ ಕಡೆ ಕೈ ಚಾಚಿದಳು.

"ಈಗ ಆ ತಂಬಿಗೆ ಕೊಡು. ಎತ್ತಿ ಕುಡೀಲಿ ಅವಳು."