ಸೀಮೆಸುಣ್ಣ ತಾಗದ ಜಾಗ

ಕಾರಿನ ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ, ಕಾಲು ಹೊರಗೆ ಚಾಚಿ ಮಗಳು ಮಲಗಿದ್ದಳು. ಅಪ್ಪನ ಅಂತ್ಯಕ್ರಿಯೆಗೆಂದು ಹಾಕಿಕೊಂಡ ಕಪ್ಪು ಕೋಟಿನ ಮೊಣಕೈಗೆ ಆಗಲೇ ಗ್ರೀಸು ಮೆತ್ತಿತ್ತು. ಎಂಜಿನ್ ಓಡುತ್ತಿತ್ತು, ಫ್ಯಾನೂ ತಿರುಗುತ್ತಿತ್ತು. ಬರುತ್ತಿದ್ದುದು ಮಾತ್ರ ಕೊರೆಯುವ ತಣ್ಣನೆ ಗಾಳಿ.

"ಎದ್ದೇಳಮ್ಮ," ಚಿಕ್ಕಪ್ಪ ಬಾಗಿಲ ಬಳಿ ನಿಂತು ಹೇಳಿದ. "ಅಣ್ಣನ ಪೆಟ್ಟಿಗೆ ಗಾಡಿಗೆ ಏರಿಸಿ ಆಯ್ತು. ಅತ್ತಿಗೆ ನನ್ನ ಕಾರಲ್ಲಿ ಬರಲಿ."

"ನಾನು ಬರೋದು ನಿಮ್ಮಣ್ಣನ ಕಾರಲ್ಲೇ," ಹಿಂದಿನ ಸೀಟಿನಲ್ಲಿ ಎರಡು ಕಂಬಳಿ ಹೊದ್ದು ಕೂತಿದ್ದ ಅಮ್ಮ ಹೇಳಿದಳು. ಹೇಳಿ ಮುಗಿಸುವಷ್ಟರಲ್ಲಿ ಕೆಮ್ಮು ಬಂತು.

"ನ್ಯುಮೋನಿಯಾ ಆಗಿ ಈಗಷ್ಟೇ ಎದ್ದಿದೀರಿ. ಸ್ಮಶಾನ ಬೆಟ್ಟದ ಮೇಲಿದೆ. ಹೀಟರಿಲ್ಲದೆ ಹೋದ್ರೆ ಇನ್ನೊಂದು ಪೆಟ್ಟಿಗೆ ಮಾಡಿಸಬೇಕಾಗತ್ತೆ."

"ಬಾಯಿ ಬಿಟ್ರೆ ಅಪಶಕುನ ನಿಂದು," ಎಂದಳು ಅಮ್ಮ. ಜಾಗ ಬಿಟ್ಟು ಕದಲಲಿಲ್ಲ.

ಚಿಕ್ಕಪ್ಪ ಮಗಳ ಕಡೆ ತಿರುಗಿದ. "ಅಣ್ಣನ ಗ್ಯಾರೇಜು ನಡೆಸ್ತೀನಿ ಅಂತೀಯ. ಅಣ್ಣನ ಕಾರಿನ ಹೀಟರೇ ನಿನ್ನ ಕೈಗೆ ಬಗ್ಗಲಿಲ್ಲ."

ಮಗಳ ಬಾಯಲ್ಲಿ ಟಾರ್ಚ್ ಇತ್ತು, ಮಾತು ನೆಟ್ಟಗೆ ಎದೆಗೆ ನಾಟಿತ್ತು.

\*

ಚಳಿಗಾಲ ಶುರುವಾದಾಗಿನಿಂದ ಆ ಹೀಟರಿಗೆ ಮುನಿಸಿಕೊಂಡ ಅಳಿಯನ ಬುದ್ಧಿ. ಮನಸ್ಸು ಬಂದರೆ ಬಿಸಿ, ಇಲ್ಲದಿದ್ದರೆ ಇಲ್ಲ. ಮಗಳು ಥರ್ಮೋಸ್ಟಾಟ್ ಬದಲಾಯಿಸಿದ್ದಳು, ಎಂಜಿನ್ನಿನ ನೀರಿನಲ್ಲಿ ಸೇರಿಕೊಂಡ ಗಾಳಿ ತೆಗೆದಿದ್ದಳು. ಒಂದೆರಡು ದಿನ ಸರಿ, ಮತ್ತೆ ಅದೇ ಹಾಡು.

ಅಪ್ಪ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದ. "ದೋಷ ಎಲ್ಲಿದೆ ಅಂತ ನಂಗೊತ್ತು. ಹೇಳಲ್ಲ. ಇದೇ ನಿನ್ನ ಪರೀಕ್ಷೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು."

ಅವನದೊಂದು ಪದ್ಧತಿಯಿತ್ತು. ಪರೀಕ್ಷಿಸಿ ಸರಿಯಿದೆ ಎಂದು ಖಾತ್ರಿಯಾದ ಭಾಗಕ್ಕೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆಯುತ್ತಿದ್ದ. "ಇವನು ನಿರಪರಾಧಿ," ಎಂದು ಮುಂದಿನದಕ್ಕೆ ಹೋಗುತ್ತಿದ್ದ.

ಹೀಟರು ಕೈಕೊಟ್ಟ ದಿನ ಗಾಜಿಗೆಲ್ಲ ಮಂಜು ಕವಿಯುತ್ತಿತ್ತು. ಅಪ್ಪ ಸ್ಟೇರಿಂಗ್ ಹಿಡಿದುಕೊಂಡೇ ಬಗ್ಗಿ, ಅಮ್ಮನ ಮುಂದಿನ ಗಾಜನ್ನು ಬರಿಗೈಯಲ್ಲಿ ಒತ್ತಿ ಒರೆಸುತ್ತಿದ್ದ. "ಓಡಿಸೋರು ನೀವು, ನನ್ನ ಕಡೆ ಯಾಕೆ ಒರೆಸ್ತೀರಿ?" ಎಂದು ಅಮ್ಮ ಕೇಳಿದರೆ, "ದಾರಿ ತಪ್ಪಿದ್ರೆ ಬೈಯೋಕೆ ನಿಂಗೂ ಕಾಣಬೇಕಲ್ಲ," ಎನ್ನುತ್ತಿದ್ದ.

ಅಮ್ಮ ಹಾಸಿಗೆ ಹಿಡಿದ ದಿನ ಮಗಳಿಗೆ ತಡೆಯಲಾಗಲಿಲ್ಲ. "ಅಮ್ಮ ಕೆಮ್ಮಿ ಸಾಯ್ತಿದಾಳೆ, ನಿಂಗೆ ಪರೀಕ್ಷೆ ಆಟ!" ಎಂದು ಸ್ಪ್ಯಾನರ್ ಎಸೆದು ಹೊರಟಿದ್ದಳು. ಆಮೇಲೆ ಅಪ್ಪನ ಜೊತೆ ಸರಿಯಾಗಿ ಮಾತಾಡಿರಲಿಲ್ಲ. ಮೊನ್ನೆ ಅವನು ನಿದ್ದೆಯಲ್ಲೇ ಹೋಗಿಬಿಟ್ಟ.

\*

ಹೊರಗೆ ಹೆಣದ ಗಾಡಿಯವನು ಹಾರ್ನ್ ಹೊಡೆದ.

ಮಗಳು ಡ್ಯಾಶ್‌ಬೋರ್ಡಿನ ಗ್ಲೋವ್‌ಬಾಕ್ಸಿನ ತಿರುಪು ಬಿಚ್ಚಿ ಅದನ್ನು ಪೂರ್ತಿ ಹೊರಗೆಳೆದಳು. ಟಾರ್ಚಿನ ಬೆಳಕು ಒಳಗೆ ಬಿತ್ತು. ಫ್ಯಾನಿನ ಮೋಟರಿನ ಮೇಲೆ ಬಿಳಿ ಗೆರೆ. ಎರಡೂ ಪೈಪುಗಳ ಮೇಲೆ ಗೆರೆ. ಸ್ವಿಚ್ಚಿನ ಹಿಂಬದಿಗೆ, ವೈರಿನ ಗಂಟಿಗೆ, ಕೈ ಹೋದಲ್ಲೆಲ್ಲ ಗೆರೆ. ಎಲ್ಲರೂ ನಿರಪರಾಧಿಗಳು.

ಅಪ್ಪನಿಗೂ ಗೊತ್ತಿರಲಿಲ್ಲ.

ಅವಳು ಮನೆಗೆ ಹೋದ ಮೇಲೆ, ಬಗ್ಗದ ಸೊಂಟ ಬಗ್ಗಿಸಿ, ಅವನೂ ಇಲ್ಲೇ ಮಲಗಿ ಹುಡುಕಿದ್ದ. ಗೊತ್ತಿಲ್ಲ ಎನ್ನುವುದಕ್ಕೆ ಬಾಯಿ ಬರಲಿಲ್ಲ, ಅಷ್ಟೇ. ಅವಳಿಗೆ ಅವನ ಮೇಲೆ ಸಿಟ್ಟು ಬಂತು, ಹೇಳಬಾರದಿತ್ತೇ ಎಂದು.

"ಇನ್ನು ಕಾಯಕ್ಕಾಗಲ್ಲ," ಎಂದ ಚಿಕ್ಕಪ್ಪ.

"ಒಂದೇ ಒಂದು ನಿಮಿಷ."

ಗೆರೆಯಿಲ್ಲದ ಜಾಗ ಒಂದೇ ಒಂದು. ಪೈಪುಗಳ ಹಿಂದೆ ಒಂದು ಸಂದು, ಅಪ್ಪನ ದಪ್ಪ ಮುಷ್ಟಿ ಹೋಗಲಾರದಂಥದು. ಅವಳು ಕೈ ತೂರಿಸಿದಳು. ಚರ್ಮ ತರಚಿತು. ಬಿಸಿಗಾಳಿಗೆ ದಾರಿ ಬಿಡುವ ಪುಟ್ಟ ಬಾಗಿಲ ಕೇಬಲ್ ಬೆರಳಿಗೆ ತಗುಲಿತು. ಅದನ್ನು ಹಿಡಿದಿಡುವ ಕ್ಲಿಪ್ಪು ಮುರಿದಿತ್ತು. ಕಾರು ಕುಲುಕಿದಾಗ ಕೇಬಲ್ ಜಾರುತ್ತಿತ್ತು, ಇನ್ನೊಂದು ಕುಲುಕಿಗೆ ತಾನಾಗೇ ಕೂರುತ್ತಿತ್ತು.

"ಅಮ್ಮಾ, ನಿನ್ನ ಹೇರ್‌ಪಿನ್ ಕೊಡು."

ಅಮ್ಮ ತುರುಬಿನಿಂದ ಕಿತ್ತು ಕೊಟ್ಟಳು. ಮಗಳು ಪಿನ್ನು ಬಗ್ಗಿಸಿ ಕೇಬಲ್ಲನ್ನು ಬಿಗಿದಳು. ಬಿಸಿಗಾಳಿ ಮುಖಕ್ಕೆ ಬಡಿಯಿತು. ಡ್ಯಾಶ್‌ಬೋರ್ಡಿಗೆ ಎರಡು ಗುದ್ದು ಕೊಟ್ಟಳು. ಗಾಳಿ ಬಿಸಿಯಾಗೇ ಇತ್ತು.

ಚಿಕ್ಕಪ್ಪ ಬಗ್ಗಿ ಆ ಗಾಳಿಗೆ ಕೈಯೊಡ್ಡಿ ನೋಡಿದ. "ಗಾಡಿಯವನಿಗೆ ಹೊರಡು ಅಂತೀನಿ," ಎಂದು ಹೋದ.

ಮಗಳು ಸ್ಟೇರಿಂಗ್ ಎದುರು ಕೂತಳು, ಅಮ್ಮ ಪಕ್ಕದ ಸೀಟಿಗೆ ಬಂದು ಕೂತಳು. ಎಲ್ಲರ ಉಸಿರಿಗೆ ಗಾಜು ಮಂಜಾಗಿತ್ತು. ಅಮ್ಮನ ಎದುರು ಆ ಮಂಜಿನಲ್ಲಿ ಒಂದು ಅಂಗೈಯ ಗುರುತು ಮೂಡಿತ್ತು, ತೋರುಬೆರಳು ಅರ್ಧ. ಅಪ್ಪನ ಆ ಬೆರಳನ್ನು ಹಿಂದೆಂದೋ ಕಾರೆತ್ತುವ ಜಾಕು ತಿಂದಿತ್ತು. ಗಾಜಿನ ಬುಡದಿಂದ ಬಿಸಿಗಾಳಿ ಏರತೊಡಗಿತು.

"ನಿಲ್ಸು!" ಎಂದಳು ಅಮ್ಮ.

ಮಗಳು ಹೀಟರು ಆರಿಸಿದಳು. ಮುಂದಿನ ಗಾಡಿ ಮತ್ತೆ ಹಾರ್ನ್ ಹೊಡೆಯಿತು. ಅಮ್ಮ ಕೈಗವಸು ಕಳಚಿ, ಗಾಜಿಗೆ ತಾಗದಂತೆ, ಆ ಕೈಯ ಎದುರು ತನ್ನ ಕೈ ಎತ್ತಿ ಹಿಡಿದಳು.

"ಈಗ ಹಾಕು."

ಮಂಜು ಕರಗುತ್ತ ಮೊದಲು ಮಣಿಕಟ್ಟು ಅಳಿಯಿತು, ಆಮೇಲೆ ಅಂಗೈ, ಕೊನೆಗೆ ಮೋಟುಬೆರಳೂ ಉಳಿದ ಬೆರಳೂ. ಗಾಜಿನಾಚೆ, ಪೆಟ್ಟಿಗೆ ಹೊತ್ತ ಗಾಡಿ ಸ್ಪಷ್ಟವಾಗಿ ಕಂಡಿತು.